ನಿಲ್ಲಿಸೋವಾಗ ಒಂದೇ ಕಿಕ್ಕು

“ನಿಲ್ಲಿಸೋವಾಗ ಒಂದೇ ಕಿಕ್‌ಗೆ ಸ್ಟಾರ್ಟ್ ಆಗ್ತಿತ್ತು ಕಣಯ್ಯ,” ಅಂದರು ರಾಯರು, ಗೋಣಿಚೀಲ ಸರಿಸುತ್ತ.

“ಹಾಗಾದ್ರೆ ನಿಲ್ಲಿಸಿದ್ದು ಯಾಕೆ?” ಅಂದ ಶೀನಪ್ಪ.

ರಾಯರಿಗೆ ಕೇಳಿಸಲಿಲ್ಲ. ಇಂಥ ಪ್ರಶ್ನೆ ಅವರಿಗೆ ಕೇಳಿಸುವುದೂ ಇಲ್ಲ.

ಗೋಣಿಯಡಿಯಿಂದ ಹೊರಬಂದದ್ದು 1968ರ ಜಾವಾ 250 ಬೈಕು. ಮೈಸೂರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿ, ಕೂಗಳತೆ ದೂರದ ಒಂಟಿಕೊಪ್ಪಲಿನ ಈ ಶೆಡ್ಡಿನಲ್ಲಿ 1997ರಿಂದ ನಿಂತಿದೆ. ಟ್ಯಾಂಕಿನ ಪಕ್ಕದ ಕ್ರೋಮು ಗುಳ್ಳೆ ಎದ್ದಿದೆ. ಮಂಡಿ ಒರಗಿಸುವ ರಬ್ಬರು ಉಗುರಿಗೆ ಪುಡಿಯಾಗಿ ಬರುತ್ತಿದೆ. ಹಿಂದಿನ ಟೈರು ನೆಲ ಬಿಡಲು ಒಲ್ಲೆ ಅನ್ನುತ್ತಿದೆ.

“ಯಾರೂ ಧೂಳು ಒರೆಸಬೇಡಿ!” ಸಂತು ಮೊಬೈಲು ಹಿಡಿದು ಅಡ್ಡ ಬಂದ. “ಅಂಕಲ್, ವ್ಯೂಸ್ ಬರೋದೇ ಧೂಳಿಗೆ. ಸ್ವಲ್ಪ ಪೆಟ್ರೋಲ್ ಸುರಿಯೋಣ, ನೀವೊಂದು ಕಿಕ್ ಹೊಡೀರಿ, ಹಿಂದೆ ಮ್ಯೂಸಿಕ್ ಹಾಕ್ತೀನಿ. ‘ಕಾಲು ಶತಮಾನದ ನಂತರ ಮೊದಲ ಕಿಕ್!’”

“ಹೊಡೀರಿ ರಾಯರೇ,” ಅಂದ ಶೀನಪ್ಪ. “ಮೊದಲನೇದೂ ಅದೇ, ಕೊನೇದೂ ಅದೇ. ಅವನಿಗೆ ಒಂದೇ ವಿಡಿಯೋದಲ್ಲಿ ಹುಟ್ಟೂ ಸಾವೂ ಎರಡೂ ಸಿಗುತ್ತೆ.”

“ಅಪಶಕುನ ನುಡೀಬೇಡ. ಒಂದೇ ಕಿಕ್‌ಗೆ...”

“ಗೊತ್ತು. ನಮ್ಮ ದೇಶದಲ್ಲಿ ಮೂಲೆ ಸೇರಿರೋ ಗಾಡಿಗಳೆಲ್ಲಾ ಒಂದೇ ಕಿಕ್ಕಿನವೇ. ಹತ್ತು ಕಿಕ್ ಬೇಕಾದವೆಲ್ಲ ರಸ್ತೆ ಮೇಲೆ ಓಡ್ತಾ ಇವೆ.”

ಗುಂಡಣ್ಣ ಅಷ್ಟು ಹೊತ್ತಿಗೆ ಬೈಕಿಗೆ ಎರಡು ಸುತ್ತು ಬಂದು ಮನಸ್ಸಿನಲ್ಲೇ ಬೆಲೆ ಕಟ್ಟಿದ್ದ. “ಶೀನಪ್ಪ, ಒಂದು ಕಿಕ್ ಹೊಡೆದ್ರೆ ಏನು ಗಂಟು ಹೋಗುತ್ತೆ?”

“ಗಂಟಲ್ಲ, ಬೇರಿಂಗ್ ಹೋಗುತ್ತೆ. ಇದು ಟೂ ಸ್ಟ್ರೋಕು. ಕ್ರ್ಯಾಂಕಿನ ಬೇರಿಂಗು, ಕನೆಕ್ಟಿಂಗ್ ರಾಡು, ಪಿಸ್ಟನ್ನು, ಎಲ್ಲಕ್ಕೂ ಎಣ್ಣೆ ಸಿಗೋದು ಪೆಟ್ರೋಲ್ ಜೊತೆ ಬೆರೆಸಿ ಹಾಕ್ತೀವಲ್ಲ, ಅದರಿಂದ. ಲೀಟರಿಗೆ 40 ಎಂಎಲ್ 2ಟಿ ಆಯಿಲ್. ಫೋರ್ ಸ್ಟ್ರೋಕ್ ಥರ ಕೆಳಗೆ ಎಣ್ಣೆ ತುಂಬಿದ ಸಂಪ್ ಇಲ್ಲ. ನಿಂತ ದಿನ ಅಂಟಿಕೊಂಡಿದ್ದ ಎಣ್ಣೆ ಎಂದೋ ಒಣಗಿದೆ, ಮೈಸೂರಿನ ಮಳೆಗಾಲದ ತೇವ ಒಳಗೆ ಹೋಗಿ ಕೂತಿದೆ. ಬೇರಿಂಗಿನ ಗುಂಡಿನ ಮೇಲೆ ಸಾಸಿವೆ ಕಾಳಿನಷ್ಟು ತುಕ್ಕು ಸಾಕು, ಬಲವಂತವಾಗಿ ತಿರುಗಿಸಿದ್ರೆ ಆ ಗುಂಡು ಉರುಳೋ ಟ್ರ್ಯಾಕ್ ಗೀರಿಬಿಡುತ್ತೆ. ಪಿಸ್ಟನ್ ರಿಂಗು ಸಿಲಿಂಡರಿಗೆ ಹಿಡ್ಕೊಂಡಿದ್ರೆ ಸಿಲಿಂಡರ್ ಗೋಡೆಯ ಕಿಂಡಿಗೆ, ಅಂದ್ರೆ ಪೋರ್ಟಿಗೆ, ಸಿಕ್ಕಿ ಮುರಿಯುತ್ತೆ. ಆಮೇಲೆ ಸಿಲಿಂಡರ್ ಬೋರ್ ಮಾಡಿಸು, ಓವರ್‌ಸೈಜ್ ಪಿಸ್ಟನ್ ಹುಡುಕು, ಕ್ರ್ಯಾಂಕ್ ಬಿಚ್ಚಿಸು. ಒಂದು ಕಿಕ್ಕಿನ ಬೆಲೆ ಅದು.”

“ಹಾಗಾದ್ರೆ ನಾನು ಏನು ಶೂಟ್ ಮಾಡ್ಲಿ?” ಸಂತುವಿನ ಮುಖ ಇಳಿಯಿತು.

“ಸ್ಪಾರ್ಕ್ ಪ್ಲಗ್ ಬಿಚ್ಚೋದು ಶೂಟ್ ಮಾಡು. ಪ್ಲಗ್ ತೆಗೆದು, ಆ ತೂತಿಗೆ ಡೀಸೆಲ್ಲೂ ಪವರ್ ಸ್ಟೀರಿಂಗ್ ಆಯಿಲ್ಲೂ ಅರ್ಧಕ್ಕರ್ಧ ಬೆರೆಸಿ ಒಂದು ಮೂವತ್ತು ನಲವತ್ತು ಎಂಎಲ್ ಬಿಟ್ಟು ಸುಮ್ಮನಿರಬೇಕು. ಎರಡು ದಿನ, ಮೂರು ದಿನ, ಕೆಲವು ಸಲ ವಾರ. ಮಟ್ಟ ಇಳಿದ್ರೆ ಮತ್ತೆ ಹಾಕು. ಆಮೇಲೆ ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರಾನ ಕೈಯಲ್ಲಿ ಹಿಂದೆ ಮುಂದೆ ಒಂದಿಷ್ಟೇ ಅಲ್ಲಾಡಿಸು. ಬರ್ಲಿಲ್ವಾ, ಹಠ ಬೇಡ. ಹೆಡ್ಡಿನ ನಾಲ್ಕು ನಟ್ ಬಿಚ್ಚಿ ಕಣ್ಣಾರೆ ನೋಡು.”

“ವಾರಗಟ್ಟಲೆ ಎಣ್ಣೆ ನೆನೆಯೋದನ್ನ ಯಾರು ನೋಡ್ತಾರೆ?”

“ಬೈಕ್ ಬೇಕಾದೋರು ನೋಡ್ತಾರೆ. ಉಳಿದೋರು ಮುಂದಿನ ವಿಡಿಯೋಗೆ ಹೋಗ್ತಾರೆ. ಹೋಗ್ಲಿ ಬಿಡು, ಟ್ರಾಫಿಕ್ ಕಡಿಮೆ.”

ರಾಯರು ಕಿಕ್ ಲಿವರಿನ ಮೇಲೆ ಕೈಯಾಡಿಸಿದರು. ಜಾವಾದಲ್ಲಿ ಕಿಕ್ಕೂ ಗೇರೂ ಒಂದೇ ಲಿವರು. ಒಳಕ್ಕೆ ಒತ್ತಿ ಮೇಲೆತ್ತಿದರೆ ಕಿಕ್ಕು, ಕೆಳಗೆ ಬಿಟ್ಟರೆ ಗೇರು. “ಆಗೆಲ್ಲ ಸ್ವಲ್ಪ ಹೊಗೆ ಮಾತ್ರ ಬರ್ತಿತ್ತು,” ಅಂದರು ಮೆಲ್ಲಗೆ.

“ಎಂಥ ಹೊಗೆ?”

“ಬಿಳೀದು. ಗೇರ್ ಆಯಿಲ್ಲೂ ಆಗಾಗ ಕಡಿಮೆ ಆಗ್ತಿತ್ತು.”

“ನೋಡಿ, ಈಗ ಬಾಯಿ ಬಿಟ್ರಿ! ಅದು ಎಡಗಡೆ ಕ್ರ್ಯಾಂಕ್ ಸೀಲ್, ಅಂದ್ರೆ ಕ್ರ್ಯಾಂಕಿನ ಸುತ್ತ ಕೂತಿರೋ ರಬ್ಬರ್ ಉಂಗುರ, ಹೋಗಿರೋದು. ಆ ಕಡೆ ಪ್ರೈಮರಿ ಚೈನಿನ ಕೋಣೆ, ಅಲ್ಲಿರೋದು ಗೇರ್ ಆಯಿಲ್. ಸೀಲ್ ಸಡಿಲವಾದ್ರೆ ಇಂಜಿನ್ ಆ ಎಣ್ಣೇನ ಎಳಕೊಂಡು ಸುಡುತ್ತೆ. ನೀವು ಹೋದ ದಾರಿ ಪೂರ್ತಿ ಕಾರ್ಪೊರೇಷನ್ನಿನ ಸೊಳ್ಳೆ ಹೊಗೆ ಗಾಡಿ ಹೋದ ಹಾಗೆ ಕಾಣುತ್ತೆ. ಅದಾದ್ರೂ ಹೇಳಿ ಕೊಲ್ಲುತ್ತೆ. ಬಲಗಡೆ, ಡೈನಮೋ ಹತ್ರ ಇರೋ ಸೀಲ್ ಹೇಳದೆ ಕೊಲ್ಲುತ್ತೆ. ಅಲ್ಲಿಂದ ಗಾಳಿ ಒಳಗೆ ನುಗ್ಗುತ್ತೆ, ಪೆಟ್ರೋಲ್ ಕಡಿಮೆ ಗಾಳಿ ಜಾಸ್ತಿ, ಅಂದ್ರೆ ಎಣ್ಣೇನೂ ಕಡಿಮೆ. ಬೈಕು ಎಂದೂ ಇಲ್ಲದ ಹುಮ್ಮಸ್ಸಲ್ಲಿ ಓಡುತ್ತೆ, ‘ಏನ್ ಪಿಕಪ್ಪು!’ ಅಂತ ನೀವು ಹಿಗ್ಗೋ ಹೊತ್ತಿಗೆ ಪಿಸ್ಟನ್ ಹಿಡ್ಕೊಳ್ಳುತ್ತೆ. ಇಷ್ಟು ವರ್ಷ ನಿಂತ ರಬ್ಬರ್ ಸೀಲು ಬಿರುಸಾಗದೆ ಇರಲ್ಲ. ಎರಡೂ ಬದಲಾಯಿಸಲೇಬೇಕು, ವಾದ ಇಲ್ಲ.”

“ಅಷ್ಟು ಬಿಟ್ರೆ ಒಂದೇ ಕಿಕ್ಕು,” ಅಂದರು ರಾಯರು.

ಗುಂಡಣ್ಣ ಕೆಮ್ಮಿದ. “ನಾನು ಹೇಳೋದು ಕೇಳಿ. ಇದನ್ನೆಲ್ಲ ಬಿಚ್ಚಿ, ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡ್ಸಿ, ಕಂಡ ಕಂಡದ್ದಕ್ಕೆಲ್ಲ ಕ್ರೋಮ್ ಹೊಡ್ಸಿ. ಜುಲೈ ಎರಡನೇ ಭಾನುವಾರ ಜಾವಾದೋರೆಲ್ಲ ಸೇರೋ ಜಾವಾ ಡೇಗೆ ತಗೊಂಡು ಹೋದ್ರೆ ಬೆಂಗಳೂರಿನವರು ಮುಗಿಬೀಳ್ತಾರೆ.”

“ಪೌಡರ್ ಕೋಟಿಂಗ್ ಅಂದ್ಯಾ?” ಶೀನಪ್ಪ ತಿರುಗಿ ಕೂತ. “ಮರಳು ಹೊಡೆದು, ಮೇಲೆ ದಪ್ಪಗೆ ಬಣ್ಣ ಬೇಯಿಸಿದ್ರೆ ಫ್ರೇಮಿನ ಮೇಲೆ ಪಂಚ್ ಮಾಡಿರೋ ಚಾಸಿ ನಂಬರ್ ಮುಚ್ಚಿಹೋಗುತ್ತೆ. ಆರ್‌ಟಿಓ ಇನ್‌ಸ್ಪೆಕ್ಟರು ಪೆನ್ಸಿಲ್ ಉಜ್ಜಿದ್ರೆ ಅಚ್ಚು ಮೂಡಲ್ಲ. ಇನ್ನೊಂದು, ಅರ್ಥ್, ಅಂದ್ರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗೋ ದಾರಿ, ಫ್ರೇಮಿನಿಂದಲೇ. ಇಂಜಿನ್ ಕೂರೋ ಜಾಗ, ಅರ್ಥ್ ವೈರಿನ ಜಾಗ ಎಲ್ಲ ಕೋಟಿಂಗ್ ಆದ್ರೆ ಲೈಟೂ ಇಲ್ಲ, ಹಾರ್ನೂ ಇಲ್ಲ, ಕಿಡೀನೂ ಇಲ್ಲ. ಫಳಫಳ ಹೊಳೆಯುತ್ತೆ, ಓಡಲ್ಲ. ನಂಬರಿನ ಜಾಗಕ್ಕೂ ಅರ್ಥ್ ಜಾಗಕ್ಕೂ ಟೇಪ್ ಹಚ್ಚಿ ಕಳಿಸೋ ತಾಳ್ಮೆ ಇದ್ರೆ ಮಾಡ್ಸು.”

“ಕಿಡಿ ಅಂದ್ರೆ ನೆನಪಾಯ್ತು, ನನ್ನ ಹತ್ರ ಕಾರಿನ ಹಳೇ ಬ್ಯಾಟರಿ ಇದೆ,” ಅಂದ ಸಂತು.

“ಅದು 12 ವೋಲ್ಟು, ಇದು 6. ಅದನ್ನ ಕೊಟ್ರೆ ಬಲ್ಬು ಒಂದು ಕ್ಷಣ ಹಬ್ಬ ಮಾಡಿ ಹೋಗುತ್ತೆ, ಹಿಂದೆಯೇ ಕಾಯಿಲ್ಲು. 6 ವೋಲ್ಟಿಂದೇ ತಾ. ಕಿಡಿಗಾಗಿ ಕರೆಂಟು ಕತ್ತರಿಸೋ ಪಾಯಿಂಟಿನ ಮೇಲೆ ಪೊರೆ ಕಟ್ಟಿರುತ್ತೆ, ನಯವಾದ ಎಮೆರಿ ಕಾಗದದಿಂದ ಉಜ್ಜಿ, ಆಮೇಲೆ ಬಿಳಿ ಕಾಗದ ತೂರಿಸಿ ಒರೆಸು. ಪಾಯಿಂಟ್ ಗ್ಯಾಪು 0.4 ಮಿ.ಮೀ., ಪ್ಲಗ್ಗಿಂದು 0.6. ಕಂಡೆನ್ಸರ್ ಹೊಸದು ಹಾಕು. ಜಿಕೋವ್ ಕಾರ್ಬುರೇಟರ್ ಬಿಚ್ಚಿದಾಗ ಪೆಟ್ರೋಲ್ ಹೋಗೋ ಸಣ್ಣ ತೂತು, ಪೈಲಟ್ ಜೆಟ್, ಕಟ್ಟಿರೋದು ನೋಡಿ ವಿಮಲಮ್ಮನ ಸೂಜಿ ಕೇಳಬೇಡ. ಸೂಜಿ ಹೋದ್ರೆ ತೂತು ಅಗಲ ಆಗುತ್ತೆ, ಆಮೇಲೆ ಯಾವ ಟ್ಯೂನಿಂಗೂ ಕೂರಲ್ಲ. ಹಲ್ಲುಜ್ಜೋ ಬ್ರಷ್ಷಿನ ಒಂದು ಎಳೆ ಸಾಕು.”

ವಿಮಲಮ್ಮ ಕಾಫಿ ತಂದಿಟ್ಟರು. “ಸೂಜಿ ಬೇಡ ಅಂದ್ರಲ್ಲ, ಪುಣ್ಯ. ಬೇರೇನು ಬೇಕು?”

“ನಿಂಬೆ ಉಪ್ಪು ಇದ್ಯಾ ತಾಯಿ?”

“ಎಷ್ಟು, ಒಂದು ಚಿಟಿಕೆ?”

“ಲೀಟರಿಗೆ 60 ಗ್ರಾಮಿನ ಲೆಕ್ಕದಲ್ಲಿ ಟ್ಯಾಂಕ್ ತುಂಬ.”

ವಿಮಲಮ್ಮ ಅವನನ್ನೇ ನೋಡಿದರು.

“ತುಕ್ಕು ಬಿಡ್ಸೋಕೆ. ಕೆಲವರು ಟಾಯ್ಲೆಟ್ ಆಸಿಡ್ ಹಾಕ್ತಾರೆ, ಅದು ತುಕ್ಕಿನ ಜೊತೆ ಟ್ಯಾಂಕನ್ನೂ ತಿನ್ನುತ್ತೆ. ಮೊದಲು ಪೆಟ್ರೋಲ್ ಕಾಕ್ ಬಿಚ್ಚಿ ತೂತು ಮುಚ್ಚು. ಒಂದು ಮೊಳ ಸಣ್ಣ ಚೈನು ಒಳಗೆ ಹಾಕಿ ಕುಲುಕು. ನಟ್ಟು ಬೋಲ್ಟು ಹಾಕೋರು ಎಣಿಸಿ ಹಾಕಿ ಎಣಿಸಿ ತೆಗೀಬೇಕು, ಚೈನಾದ್ರೆ ಒಂದು ತುದಿ ಹಿಡಿದ್ರೆ ಪೂರ್ತಿ ಬರುತ್ತೆ. ಆಮೇಲೆ ಬಿಸಿನೀರಿಗೆ ನಿಂಬೆ ಉಪ್ಪು ಕರಗಿಸಿ ತುಂಬಿ ಒಂದು ದಿನ ಬಿಡು. ಹೊರಗೆ ಬಣ್ಣದ ಮೇಲೆ ತೊಟ್ಟಿಕ್ಕಬಾರದು. ಚೆಲ್ಲಿ, ಅಡುಗೆ ಸೋಡಾ ನೀರಲ್ಲಿ ತೊಳೆದು, ತಕ್ಷಣ ಒಣಗಿಸಿ 2ಟಿ ಆಯಿಲ್ ಒಳಗೆಲ್ಲ ಹರಡಿಸು. ನಾಳೆ ಮಾಡಿದ್ರಾಯ್ತು ಅಂತ ಬಿಟ್ರೆ ಬೆಳಗ್ಗೆ ಹೊತ್ತಿಗೆ ಮತ್ತೆ ಕೆಂಪು. ಈಗಿನ ಪೆಟ್ರೋಲಲ್ಲಿ ಎಥನಾಲ್ ಬೇರೆ ಬೆರೆಸಿರ್ತಾರೆ. ಅದು ನೀರು ಹೀರಿಕೊಂಡು ತಳಕ್ಕೆ ಇಳಿಯುತ್ತೆ, ಹಳೇ ರಬ್ಬರನ್ನೂ ಕೆಡಿಸುತ್ತೆ. ಟ್ಯಾಂಕ್ ತುಂಬ ಹಾಕಿ ತಿಂಗಳುಗಟ್ಟಲೆ ನಿಲ್ಲಿಸೋ ಕಾಲ ಹೋಯ್ತು.”

“ನಿಲ್ಲಿಸೋವಾಗ ಟ್ಯಾಂಕ್ ತುಂಬ ಇತ್ತು,” ಅಂದರು ರಾಯರು ಹೆಮ್ಮೆಯಿಂದ.

“ಒಂದೇ ಕಿಕ್ಕಂತೆ,” ವಿಮಲಮ್ಮ ಸೆರಗಿನಲ್ಲಿ ಲೋಟ ಒರೆಸಿದರು. “ಕೆಆರ್‌ಎಸ್ ರಸ್ತೇಲಿ ರೇಷ್ಮೆ ಸೀರೆ ಎತ್ತಿಕಟ್ಟಿ ತಳ್ಳಿದ್ದು ಯಾರು ಹಾಗಾದ್ರೆ?”

ಗುಂಡಣ್ಣ ನಗು ತಡೆಯಲಾರದೆ ಶೆಡ್ಡಿನ ಬಾಗಿಲಿಗೆ ಹೋದ. ರಾಯರೂ ನಕ್ಕರು. ಸ್ವಲ್ಪ ಹೊತ್ತಾದ ಮೇಲೆ ಅಂದರು: “ಚಿಕ್ಕವನು ಹುಟ್ಟಿದ ಮೇಲೆ ನಾಲ್ಕು ಜನ ಕೂರೋಕೆ ಆಗ್ತಿರಲಿಲ್ಲ ಶೀನಪ್ಪ. ಸ್ಕೂಟರ್ ತಗೊಂಡೆ, ಮುಂದೆ ಒಬ್ಬ ನಿಂತ್ಕೊಬಹುದಿತ್ತು. 1996ರಲ್ಲಿ ಫ್ಯಾಕ್ಟರಿ ಮುಚ್ತು. ಅಲ್ಲಿದ್ದ ನಮ್ಮ ಪಕ್ಕದ ಬೀದಿಯವನೇ ಇದನ್ನ ನೋಡ್ಕೊಳ್ತಿದ್ದ. ಸ್ಕ್ರೂಡ್ರೈವರ್ ಹಿಡಿ ಕಿವಿಗಿಟ್ಟು ಯಾವ ಬೇರಿಂಗ್ ಅಂತ ಹೇಳೋನು. ಅವನು ಊರು ಬಿಟ್ಟ. ಸರಿ, ಬರೋ ಭಾನುವಾರ ಯಾರನ್ನಾದ್ರೂ ಕರೆಸೋಣ ಅಂತ ಇಲ್ಲಿ ಒಳಗಿಟ್ಟೆ.”

“ಅದೇ ನೋಡಿ,” ಅಂದ ಶೀನಪ್ಪ. “ಇಪ್ಪತ್ತು ವರ್ಷಕ್ಕೆ ಅಂತ ಯಾರೂ ಗಾಡಿ ನಿಲ್ಲಿಸಲ್ಲ. ಎಲ್ಲರೂ ಬರೋ ಭಾನುವಾರದ ತನಕ ನಿಲ್ಲಿಸೋದು.”

ಸಂತು ಮೊಬೈಲು ಜೇಬಿಗೆ ಹಾಕಿಕೊಂಡಿದ್ದ. ಆದರೆ ಅವನಿಗೆ ಸುಮ್ಮನಿರುವುದು ಒಗ್ಗದು. “ಸೀಲು, ಟ್ಯಾಂಕು, ಕಾರ್ಬುರೇಟರು ಆದ್ಮೇಲೆ ಕಿಕ್ ಹೊಡೀಬಹುದಲ್ವಾ ಅಂಕಲ್?”

“ಸೈಲೆನ್ಸರಲ್ಲಿ ಇಲಿ ಸಂಸಾರ ಹೂಡಿದ್ಯಾ ನೋಡಿ, ಕಣಜದ ಮಣ್ಣು ಕೆರೆದು, ಒಳಗಿನ ಕಾರ್ಬನ್ ಸುಟ್ಟು. ಎರಡು ಸೈಲೆನ್ಸರ್ ಇದೆ, ಒಂದು ನೋಡಿ ಇನ್ನೊಂದು ಮರೀಬೇಡ. ಅದಕ್ಕೂ ಮೊದಲು ಬ್ರೇಕ್ ಡ್ರಮ್ ಬಿಚ್ಚು. ಶೂಗೆ ಅಂಟಿಸಿರೋ ಲೈನಿಂಗ್ ಬಿಟ್ಟುಕೊಂಡು ಒಳಗೇ ಸಿಕ್ಕಿಹಾಕಿಕೊಂಡ್ರೆ ಚಕ್ರ ಓಡ್ತಾ ಓಡ್ತಾ ಜಾಮ್ ಆಗುತ್ತೆ. ಟೈರಲ್ಲಿ ಹಲ್ಲು ಉಳಿದಿದೆ ಅಂತ ನಂಬಬೇಡ. ರಬ್ಬರು ಸತ್ತಿದೆ. 3.25-16 ಹೊಸದು ಎರಡು.”

“ಇಷ್ಟೆಲ್ಲ ಮಾಡಿದ್ಮೇಲೆ ಕಾಗದ?” ಗುಂಡಣ್ಣ ವಾಪಸ್ ಬಂದ. “50 ವರ್ಷ ದಾಟಿದೆ, ವಿಂಟೇಜ್ ಮಾಡ್ಸಬಹುದಂತೆ.”

“2021ರ ನಿಯಮ. ಮೂಲ ರೂಪದಲ್ಲಿ ಇರಬೇಕು, ಹಾಗಾಗಿ ನಿನ್ನ ಕ್ರೋಮ್ ಅಂಗಡಿ ಬೇಡ. ಆದ್ರೆ ವಿಂಟೇಜ್ ಆದ್ರೆ ದಿನಾ ಓಡಿಸೋ ಹಾಗಿಲ್ಲ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕ್ಸೋಕೆ, ಅಷ್ಟೇ.”

“ತರಕಾರಿ ತರೋಕೆ ಆಗಲ್ವಾ?” ಅಂದರು ವಿಮಲಮ್ಮ.

“ಆಗಲ್ಲ ತಾಯಿ.”

“ಹಾಗಾದ್ರೆ ಮಾಮೂಲಿ ಆರ್‌ಸಿನೇ ರಿನ್ಯೂ ಮಾಡ್ಸಿ.”

“ಮೊದಲು ಆರ್‌ಸಿ ಯಾರ ಹೆಸರಲ್ಲಿದೆ ನೋಡಿ. ರಾಯರ ತಂದೆ ಹೆಸರಲ್ಲೇ ಇದ್ರೆ ವಾರಸುದಾರರೆಲ್ಲ ಒಪ್ಪಿ ಸಹಿ ಹಾಕಬೇಕು. ಎಣ್ಣೆ ಬಿಡೋದಕ್ಕೂ ಮುಂಚಿನ ಕೆಲಸ ಅದು. ಸಂತು, ಬಿಚ್ಚಿದ ನಟ್ಟು ಬೋಲ್ಟು ಒಂದೇ ಡಬ್ಬಿಗೆ ಸುರೀಬೇಡ. ಒಂದೊಂದು ಜಾಗದ್ದು ಒಂದೊಂದು ಗುಳಿಗೆ ಇಡಬೇಕು. ವಿಮಲಮ್ಮ, ಇಡ್ಲಿ ತಟ್ಟೆ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ.”

“ಕೊಡ್ತೀನಿ, ಮೂರೂ ಅಂತಸ್ತು ತಗೊಳ್ಳಿ,” ಅಂದರು ವಿಮಲಮ್ಮ. “ಆದ್ರೆ ಬೈಕು ಮತ್ತೆ ಜೋಡಿಸೋ ತನಕ ಈ ಮನೇಲಿ ಇಡ್ಲಿ ಇಲ್ಲ.”

ರಾಯರು ಕಾಫಿ ಲೋಟ ಕೆಳಗಿಟ್ಟರು. “ಶೀನಪ್ಪ, ಆ ಎಣ್ಣೆ ಮೂರು ದಿನ ನೆನೀಲೇಬೇಕಾ?”

“ವಾರಾನೂ ಆಗಬಹುದು.”

“ಸೀಲು, ಟೈರು?”

“ಸಿಕ್ಕಿದಾಗ.”

“ಹಾಗಾದ್ರೆ ಇಲ್ಲಿ ಕೇಳಿ,” ಅಂದ ಗುಂಡಣ್ಣ ಚಪ್ಪಲಿ ಮೆಟ್ಟುತ್ತ, “ಅಲ್ಲೀ ತನಕ ಭಾನುವಾರದ ತಿಂಡಿಗೆ ಎಲ್ಲರೂ ನಮ್ಮನೆಗೇ ಬನ್ನಿ. ನಮ್ಮ ಅಪ್ಪನದೊಂದು ಲ್ಯಾಂಬ್ರೆಟ್ಟಾ ಇದೆ.”