ಪೆರ್ಲದ ಭಾವನಿಗೂ ನೀರ್ಚಾಲಿನ ಪುಟ್ಟನಿಗೂ: ಕ್ಲ್ಯಾಷ್ ಹಾಡುಗಳ ಬಗ್ಗೆ

ಎಲ್ಲರಿಗೂ ನಮಸ್ಕಾರ. ಕ್ಲ್ಯಾಷ್ ಬ್ಯಾಂಡಿನ ಬೆಸ್ಟ್ ಹಾಡು ಯಾವುದು, ವರ್ಸ್ಟ್ ಯಾವುದು ಅಂತ ಬೆಳಿಗ್ಗೆಯಿಂದ ಗ್ರೂಪಿನಲ್ಲಿ ನಡೆದ ಮಾತೆಲ್ಲ ಈಗ ಕೂತು ಓದಿದೆ. ಟೈಪ್ ಮಾಡಿ ಮುಗಿಯುವ ವಿಷಯ ಅಲ್ಲ ಇದು, ಅದಕ್ಕೆ ವಾಯ್ಸ್ ಹಾಕುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಕೆಲಸ ಮಾಡ್ತಾ ಮಾಡ್ತಾ ಕೇಳಿ. ಹಿಂದೆ ಮಳೆಯ ಸದ್ದು ಇದೆ, ನಾನು ಜೋರಾಗಿಯೇ ಮಾತಾಡುತ್ತೇನೆ.

ದೊಡ್ಡಪ್ಪ, ನೀವು ಮಧ್ಯದಲ್ಲಿ ಇದೆಂತ ಗಲಾಟೆ, ಯಾರ ಹಾಡು ಅಂತ ಕೇಳಿದ್ದೀರಿ. ಯಾರೂ ಉತ್ತರ ಕೊಡಲಿಲ್ಲ. ದಿ ಕ್ಲ್ಯಾಷ್ ಅಂತ ಲಂಡನ್ನಿನ ಒಂದು ಪಂಕ್ ರಾಕ್ ಬ್ಯಾಂಡ್. 1976ರಲ್ಲಿ ಶುರುವಾದದ್ದು. ಜೋ ಸ್ಟ್ರಮ್ಮರ್, ಮಿಕ್ ಜೋನ್ಸ್ ಇಬ್ಬರೂ ಹಾಡು ಬರೆದು ಹಾಡುವವರು, ಇಬ್ಬರ ಕೈಯಲ್ಲೂ ಗಿಟಾರ್. ಪಾಲ್ ಸಿಮೊನನ್ ಬೇಸ್ ಗಿಟಾರ್. ಡ್ರಮ್ಸಿಗೆ ಮೊದಲು ಟೆರಿ ಚೈಮ್ಸ್, ಆಮೇಲೆ ಟಾಪರ್ ಹೆಡನ್. ಆಗ ಅಲ್ಲಿ ಹುಡುಗರಿಗೆ ಕೆಲಸ ಇರಲಿಲ್ಲ. ಗಿಟಾರಿನಲ್ಲಿ ಎರಡು ಮೂರು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಜೋಡಣೆ, ಅಷ್ಟು ಕಲಿತು, ಸಿಟ್ಟು ಬಂದದ್ದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು. ಅದೇ ಪಂಕ್. ಇನ್ನೊಂದು ವಿಷಯ ನಿಮಗೆ ಇಷ್ಟ ಆಗಬಹುದು. ಸ್ಟ್ರಮ್ಮರನ ಅಪ್ಪ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಬ್ರಿಟಿಷ್ ವಿದೇಶಾಂಗ ಇಲಾಖೆಯಲ್ಲಿದ್ದವರು. ಮಗ ಹುಟ್ಟಿದ್ದು ತುರ್ಕಿಯ ಅಂಕಾರಾದಲ್ಲಿ.

ಈಗ ಜಗಳಕ್ಕೆ ಬರುತ್ತೇನೆ. ಪುಟ್ಟ ಬರೆದದ್ದು, ಬೆಸ್ಟ್ ಅಂದರೆ 'ವೈಟ್ ರಯಟ್', ವರ್ಸ್ಟ್ ಅಂದರೆ 'ಸ್ಯಾಂಡಿನಿಸ್ಟಾ' ಆಲ್ಬಮ್ ಪೂರ್ತಿ, ಅದು ಪಂಕೇ ಅಲ್ಲ ಅಂತ. ಪೆರ್ಲದ ಭಾವ ಬರೆದದ್ದು, ಬೆಸ್ಟ್ 'ಲಂಡನ್ ಕಾಲಿಂಗ್', ವರ್ಸ್ಟ್ 'ರಾಕ್ ದ ಕಾಸ್ಬಾ', ಅದು ಡಿಸ್ಕೋ ಅಂತ. ಕುಂಬಳೆ ಅಕ್ಕ 'ಶುಡ್ ಐ ಸ್ಟೇ ಆರ್ ಶುಡ್ ಐ ಗೋ' ಒಂದು ಬಿಟ್ಟು ಬೇರೆ ಯಾವುದೂ ಬೇಡ ಅಂದಿದ್ದಾರೆ. ಮೂವರೂ ಹಾಡು ಎಷ್ಟು ಜೋರು, ಎಷ್ಟು ಸ್ಪೀಡು, ಎಷ್ಟು ಪಂಕ್ ಅಂತಲೇ ಅಳೆಯುತ್ತಿದ್ದೀರಿ. ನಾನು ನೋಡುವುದು ಬೇರೆ. ಆ ಹಾಡಿನಲ್ಲಿ ನಾಲ್ಕು ಜನ ಒಬ್ಬರದ್ದು ಒಬ್ಬರು ಕೇಳಿಸಿಕೊಂಡಿದ್ದಾರಾ ಇಲ್ಲವಾ? ಅಷ್ಟೇ.

ಪುಟ್ಟಾ, 'ವೈಟ್ ರಯಟ್' ಬಗ್ಗೆ ನಿನಗೆ ಯಾಕೆ ಅಷ್ಟು ಪ್ರೀತಿ ಅಂತ ನನಗೆ ಗೊತ್ತಾಗುತ್ತದೆ. ಎರಡು ನಿಮಿಷ ಕೂಡ ಇಲ್ಲದ ಹಾಡು. ಬೆಳಿಗ್ಗೆ ಮಂಗಳೂರು ಲೋಕಲಿನಲ್ಲಿ ನಿಂತುಕೊಂಡು ಕಾಲೇಜಿಗೆ ಹೋಗುವಾಗ ಕಿವಿಗೆ ಹಾಕಿಕೊಂಡರೆ ನಿದ್ದೆ ಎಲ್ಲ ಹೋಗುತ್ತದೆ. ಆದರೆ ಅದು ಯಾಕೆ ಹುಟ್ಟಿತು ಅಂತ ನಿನ್ನ ಫ್ರೆಂಡ್ಸಿಗೂ ಹೇಳು, ಹೆಸರು ನೋಡಿ ಜನ ತಪ್ಪು ತಿಳಿಯುತ್ತಾರೆ. 1976ರ ಆಗಸ್ಟಿನಲ್ಲಿ ಲಂಡನ್ನಿನ ನಾಟಿಂಗ್ ಹಿಲ್ ಕಾರ್ನಿವಲ್‌ನಲ್ಲಿ ಕಪ್ಪು ಜನರಿಗೂ ಪೊಲೀಸರಿಗೂ ದೊಡ್ಡ ಘರ್ಷಣೆ ಆಯಿತು. ಸ್ಟ್ರಮ್ಮರ್, ಸಿಮೊನನ್ ಇಬ್ಬರೂ ಅಲ್ಲೇ ಇದ್ದರು. ಕಪ್ಪು ಜನ ತಮಗೆ ಆದ ಅನ್ಯಾಯಕ್ಕೆ ಎದ್ದು ನಿಲ್ಲುತ್ತಾರೆ, ನಮ್ಮ ಬಿಳಿ ಹುಡುಗರು ಯಾಕೆ ಹೇಳಿದ್ದು ಕೇಳಿಕೊಂಡು ಸುಮ್ನೆ ಇದ್ದಾರೆ ಅನ್ನುವುದು ಆ ಹಾಡಿನ ಪ್ರಶ್ನೆ. ಬಣ್ಣದ ದ್ವೇಷ ಅದರಲ್ಲಿ ಇಲ್ಲವೇ ಇಲ್ಲ. 1978ರ ಏಪ್ರಿಲಿನಲ್ಲಿ ವಿಕ್ಟೋರಿಯಾ ಪಾರ್ಕಿನಲ್ಲಿ ಜನಾಂಗ ದ್ವೇಷದ ವಿರುದ್ಧ ದೊಡ್ಡ ಸಂಗೀತ ಸಭೆ ನಡೆದಾಗ ಇವರೇ ಹೋಗಿ ನುಡಿಸಿದವರು.

ಹಾಗಾದರೂ ಅದನ್ನು ಬೆಸ್ಟ್ ಅಂತ ನಾನು ಹೇಳುವುದಿಲ್ಲ. ಅದೇ ಮೊದಲ ಆಲ್ಬಮ್‌ನಲ್ಲಿ 'ಪೊಲೀಸ್ ಆಂಡ್ ಥೀವ್ಸ್' ಇದೆ, ಅದನ್ನು ನೀನು ದಾಟಿಸಿ ಹೋಗುತ್ತೀಯಾ ಅಂತ ನನಗೆ ಸಂಶಯ. ಜಮೈಕಾದ ಜೂನಿಯರ್ ಮರ್ವಿನ್ ಹಾಡಿದ ರೆಗ್ಗೆ ಹಾಡು, ರೆಗ್ಗೆ ಅಂದರೆ ಜಮೈಕಾದ ನಿಧಾನ ನಡೆಯ ಸಂಗೀತ. ಉಳಿದವೆಲ್ಲ ಎರಡು ಮೂರು ನಿಮಿಷದಲ್ಲಿ ಓಡಿ ಮುಗಿಯುವಾಗ ಇದೊಂದು ಆರು ನಿಮಿಷ ನಿಂತು ನಡೆಯುತ್ತದೆ. ಆ ಕಾಲದ ಪಂಕ್ ಹುಡುಗರಿಗೆ ಅದು ಧೈರ್ಯದ ಕೆಲಸ. ಇವರು ಬೇರೆ ಜನರ ಸಂಗೀತವನ್ನು ಕಿವಿಕೊಟ್ಟು ಕೇಳುವವರು ಅಂತ ಅಲ್ಲೇ ಗೊತ್ತಾಗುತ್ತದೆ.

ನನ್ನ ಬೆಸ್ಟ್ ಹುಟ್ಟುವುದು ಆ ಹಾಡಿನಿಂದಲೇ. 'ವೈಟ್ ಮ್ಯಾನ್ ಇನ್ ಹ್ಯಾಮರ್‌ಸ್ಮಿತ್ ಪ್ಯಾಲೆ'. 1978ರ ಜೂನಿನಲ್ಲಿ ಸಿಂಗಲ್ ಆಗಿ, ಅಂದರೆ ಒಂದೇ ಹಾಡಿನ ರೆಕಾರ್ಡ್ ಆಗಿ ಬಂದದ್ದು. ನಿಮ್ಮ ಮೂವರ ಲಿಸ್ಟಿನಲ್ಲೂ ಅದರ ಹೆಸರೇ ಇಲ್ಲ! ಓದಿ ನನಗೆ ನಿಜವಾಗಿ ಬೇಜಾರಾಯಿತು.

ವಿಷಯ ಎಂತ ಅಂದರೆ, ಲಂಡನ್ನಿನ ಹ್ಯಾಮರ್‌ಸ್ಮಿತ್ ಪ್ಯಾಲೆ ಅನ್ನುವ ಸಭಾಂಗಣದಲ್ಲಿ ರಾತ್ರಿಯಿಡೀ ರೆಗ್ಗೆ ಕಾರ್ಯಕ್ರಮ. ಸ್ಟ್ರಮ್ಮರ್ ಹೋಗಿದ್ದ. ಜಮೈಕಾದವರ ಬಾಯಿಂದ ಬಂಡಾಯದ ಹಾಡು ಕೇಳಬೇಕು ಅಂತ ಆಸೆ. ಆದರೆ ಅಲ್ಲಿ ನಡೆದದ್ದು ಚೆಂದದ ಮನರಂಜನೆ. ಕೇಳುತ್ತಿದ್ದ ಕಪ್ಪು ಹುಡುಗರಿಗೆ ಅದರಿಂದ ಏನೂ ತೊಂದರೆ ಇಲ್ಲ. ಬಂಡಾಯ ಬೇಕು ಅಂತ ಹುಡುಕಿಕೊಂಡು ಹೋದವನು ಇವನೊಬ್ಬನೇ. ಇವನು ಅಲ್ಲಿ ಹೊರಗಿನವನು. ಆ ಮುಜುಗರವನ್ನು ಅಡಗಿಸದೆ ಹಾಡಿದ್ದಾನೆ. ಅಲ್ಲಿಂದ ತನ್ನದೇ ಬಳಗದ ಕಡೆ ತಿರುಗುತ್ತಾನೆ. ಹೊಸ ಪಂಕ್ ಹುಡುಗರು ಒಳ್ಳೆಯ ಸೂಟು ಹಾಕಿಕೊಂಡು, ಒಬ್ಬರ ಮೇಲೆ ಒಬ್ಬರು ಬಿದ್ದು, ಬಂಡಾಯವನ್ನು ದುಡ್ಡು ಮಾಡುತ್ತಿದ್ದಾರೆ ಅಂತ ಹೇಳುತ್ತಾನೆ. ಬ್ರಿಟನ್ನಿನಲ್ಲಿ ನ್ಯಾಷನಲ್ ಫ್ರಂಟ್ ಅನ್ನುವ ಜನಾಂಗ ದ್ವೇಷದ ಪಕ್ಷದವರು ಬೀದಿಗೆ ಇಳಿದಿದ್ದ ಕಾಲ ಅದು. ಹಿಟ್ಲರ್ ಬಂದರೂ ಇವರು ಕಾರು ಕಳಿಸಿ ಕರೆತರುತ್ತಾರೆ ಅನ್ನುವ ಅರ್ಥದ ಮಾತು ಬರುತ್ತದೆ.

ಇನ್ನು ಸಂಗೀತ ನೋಡಿ. ಶುರುವಿನಲ್ಲಿ ಗಿಟಾರ್ ಪಂಕ್ ಥರ ಬಂದು ಬಡಿಯುತ್ತದೆ, ಕೂಡಲೇ ರೆಗ್ಗೆ ನಡೆಗೆ ಇಳಿಯುತ್ತದೆ. ಜೋನ್ಸ್ ಮೌತ್ ಆರ್ಗನ್ ಊದುತ್ತಾನೆ. ಟಾಪರ್ ಎಲ್ಲಿಯೂ ಅವಸರ ಮಾಡುವುದಿಲ್ಲ. ಸ್ಟ್ರಮ್ಮರ್ ಉಸಿರು ತೆಗೆಯುವಲ್ಲಿ ಸಿಮೊನನ್ ಬೇಸ್ ಒಂದು ಮಾತು ಹೇಳಿ ಸುಮ್ಮನಾಗುತ್ತದೆ. ನಾನು ಹೇಳಿದ ಕೇಳಿಸಿಕೊಳ್ಳುವುದು ಅಂದರೆ ಇದೇ. ಇವತ್ತು ರಾತ್ರಿ ಒಳ್ಳೆಯ ಇಯರ್‌ಫೋನ್ ಹಾಕಿ ಕೇಳಿ. ಫೋನಿನ ಸ್ಪೀಕರಿನಲ್ಲಿ ಆ ಬೇಸ್ ಬರುವುದೇ ಇಲ್ಲ.

ಭಾವ, 'ಲಂಡನ್ ಕಾಲಿಂಗ್' ಬಗ್ಗೆ ನಾನು ಜಗಳ ಮಾಡುವುದಿಲ್ಲ. ನನಗೆ ಅದು ಎರಡನೆಯದು. ಯುದ್ಧಕಾಲದಲ್ಲಿ ಬಿಬಿಸಿಯವರು ರೇಡಿಯೋದಲ್ಲಿ ಹೇಳುತ್ತಿದ್ದ ಮಾತನ್ನು ಎತ್ತಿಕೊಂಡು, 1979ರ ಮಾರ್ಚಿನಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದಲ್ಲಿ ಆದ ಅವಘಡ, ಥೇಮ್ಸ್ ನದಿಯ ನೆರೆ, ಇದೆಲ್ಲ ಸೇರಿಸಿ ಮಾಡಿದ ಹಾಡು. ಆಲ್ಬಮ್ ಬಂದದ್ದು 1979ರ ಡಿಸೆಂಬರಿನಲ್ಲಿ. ಎರಡು ಎಲ್‌ಪಿ, ಅಂದರೆ ದೊಡ್ಡ ರೆಕಾರ್ಡ್ ತಟ್ಟೆ, 19 ಹಾಡು, ಬೆಲೆ ಒಂದರದ್ದೇ. ಕೊನೆಯ 'ಟ್ರೇನ್ ಇನ್ ವೇನ್' ಕಡೇ ಗಳಿಗೆಯಲ್ಲಿ ಸೇರಿತು, ಕವರಿನಲ್ಲಿ ಹೆಸರೂ ಇರಲಿಲ್ಲ. ಪುಟ್ಟಾ, ನಿನ್ನ ಟಿ-ಶರ್ಟಿನಲ್ಲಿ ಇರುವುದು ಆ ಕವರಿನದ್ದೇ ಫೋಟೋ, ಸಿಮೊನನ್ ನ್ಯೂಯಾರ್ಕಿನ ವೇದಿಕೆಯಲ್ಲಿ ಬೇಸನ್ನು ನೆಲಕ್ಕೆ ಹೊಡೆಯುವುದು. ತೆಗೆದವರು ಪೆನಿ ಸ್ಮಿತ್. ಫೋಕಸ್ ಸರಿ ಇಲ್ಲ, ಬೇಡ ಅಂದಿದ್ದರಂತೆ ಅವರು. ಅದೇ ಸಿಮೊನನ್ ಬರೆದು ಹಾಡಿದ 'ದ ಗನ್ಸ್ ಆಫ್ ಬ್ರಿಕ್ಸ್‌ಟನ್' ಕೂಡ ಆ ಆಲ್ಬಮ್‌ನಲ್ಲಿ ಇದೆ. ಅದು ನನ್ನ ಮೂರನೆಯದು.

'ರಾಕ್ ದ ಕಾಸ್ಬಾ' ವರ್ಸ್ಟ್ ಅನ್ನುವುದನ್ನು ಮಾತ್ರ ನಾನು ಒಪ್ಪಲಾರೆ ಭಾವ. ಡಿಸ್ಕೋ ಆದರೆ ಎಂತ ಆಯಿತು? ಆ ಹಾಡಿನ ಸಂಗೀತ ಪೂರ್ತಿ ಟಾಪರನದ್ದು. ಸ್ಟುಡಿಯೋಗೆ ಬೇಗ ಬಂದ, ಬೇರೆ ಯಾರೂ ಬಂದಿರಲಿಲ್ಲ. ಡ್ರಮ್ಸ್, ಪಿಯಾನೋ, ಬೇಸ್ ಮೂರನ್ನೂ ತಾನೇ ನುಡಿಸಿ ಇಟ್ಟ. ಸ್ಟ್ರಮ್ಮರ್ ಅದಕ್ಕೆ ಮಾತು ಬರೆದ, ಸಂಗೀತ ನಿಷೇಧಿಸುವ ರಾಜ, ಕೇಳದ ಜನ ಅಂತ. ಇವರ ಹಾಡು ಎಲ್ಲ ರಾಗದ ಹಾಗೆ ಉದ್ದ ಆಗುತ್ತಿದೆ ಅಂತ ಮ್ಯಾನೇಜರ್ ಬರ್ನಿ ರೋಡ್ಸ್ ರೇಗಿದ್ದ. ಆ ರಾಗ ಅನ್ನುವ ಪದವೂ ಹಾಡಿನೊಳಗೆ ಬಂತು. ಹಾಡು ಹೊರಗೆ ಬರುವಾಗ 1982ರ ಬೇಸಿಗೆ. ಅಷ್ಟರಲ್ಲಿ ಹೆರಾಯಿನ್ ಚಟದಿಂದಾಗಿ ಟಾಪರನನ್ನು ಬ್ಯಾಂಡಿನಿಂದ ತೆಗೆದಾಗಿತ್ತು. ವಿಡಿಯೋ ನೋಡಿ, ಡ್ರಮ್ಸಿನ ಹಿಂದೆ ಕೂತವನು ಟೆರಿ ಚೈಮ್ಸ್. ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಹೋದ ಹಾಡು, ಮಾಡಿದವನೇ ಅದರ ವಿಡಿಯೋದಲ್ಲಿ ಇಲ್ಲ. ನನಗೆ ಇವತ್ತಿಗೂ ಅದು ಸಂಕಟ.

ನಾನು ಕ್ಲ್ಯಾಷ್ ಕೇಳಿದ್ದೇ ಆ ಹಾಡಿನಿಂದ. ಸೋದರಮಾವ ಕುವೈತಿನಿಂದ ತಂದ ರೇಡಿಯೋ-ಟೇಪ್ ಟೂ ಇನ್ ಒನ್, ಅದರ ಜೊತೆ ಬಂದ 'ಕಾಂಬ್ಯಾಟ್ ರಾಕ್' ಕ್ಯಾಸೆಟ್. ನಮ್ಮ ಬದಿಯಡ್ಕದ ಮನೆಯ ಜಗಲಿಯಲ್ಲಿ ಅದು ತಿರುಗುತ್ತಾ ಇರುತ್ತಿತ್ತು. ಕುಂಬಳೆ ಅಕ್ಕನ ಹಾಡೂ ಅದರಲ್ಲೇ ಇದ್ದದ್ದು. ಅಕ್ಕ, ಒಳ್ಳೆಯ ಹಾಡು, ಇಲ್ಲ ಅನ್ನುವುದಿಲ್ಲ. 1991ರಲ್ಲಿ ಜೀನ್ಸ್ ಜಾಹೀರಾತಿನಲ್ಲಿ ಬಂದು ಬ್ರಿಟನ್ನಿನಲ್ಲಿ ನಂಬರ್ ಒಂದು ಆಯಿತು, ಮೊನ್ನೆ ಮೊನ್ನೆ ವೆಬ್ ಸರಣಿಯಿಂದ ಮಕ್ಕಳಿಗೂ ಗೊತ್ತಾಯಿತು. ಆದರೆ ಅದು ಜೋನ್ಸ್ ಒಬ್ಬನ ಹಾಡು. ಯಾವ ಬ್ಯಾಂಡ್ ಬೇಕಾದರೂ ನುಡಿಸಬಹುದು.

ಈಗ 'ಸ್ಯಾಂಡಿನಿಸ್ಟಾ'. 1980ರ ಡಿಸೆಂಬರ್. ಮೂರು ಎಲ್‌ಪಿ, 36 ಹಾಡು. ಬೆಲೆ ಕಡಿಮೆ ಇಡಬೇಕು ಅಂತ ಹಠ ಹಿಡಿದು, ಬ್ರಿಟನ್ನಿನಲ್ಲಿ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನೇ ಬಿಟ್ಟುಕೊಟ್ಟರು. ಅದರಲ್ಲಿ ಕೆಲವು ಹಾಡು ಕೆಟ್ಟದಾಗಿದೆ ಪುಟ್ಟಾ, ಆ ಮಾತು ಸತ್ಯ. 'ಮೆನ್ಸ್‌ಫೋರ್ತ್ ಹಿಲ್' ಅಂತ ಒಂದಿದೆ, ಇನ್ನೊಂದು ಹಾಡಿನ ಟೇಪನ್ನು ಉಲ್ಟಾ ಓಡಿಸಿದ್ದು. ಅದನ್ನು ಯಾರೂ ಪ್ರೀತಿಯಿಂದ ಕೇಳಲಾರರು. ಕೊನೆಯ ಸೈಡು ನನಗೂ ಕಷ್ಟ. ಆದರೆ ಪಂಕೇ ಅಲ್ಲ ಅಂತ ನೀನು ಹೇಳಬಾರದು. ರೆಗ್ಗೆ, ರ‍್ಯಾಪ್, ಮಕ್ಕಳ ಹಾಡು ಎಲ್ಲ ಯಾಕೆ ಅಂತ ಕೇಳಿದ್ದೀಯಾ. ನಾವು ಕಾಸರಗೋಡಿನವರು ಹಾಗೆ ಕೇಳುವುದಾ ಮಾರಾಯ? ಮನೆಯಲ್ಲಿ ಹವ್ಯಕ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ತುಳು, ಬಸ್ಸು ಹತ್ತಿದರೆ ಮಲಯಾಳ. ಒಂದೇ ದಿನದಲ್ಲಿ ಇಷ್ಟೂ ನಮ್ಮ ಬಾಯಿಂದ ಬರುತ್ತದೆ, ಯಾವುದೂ ಸುಳ್ಳಲ್ಲ. 'ದ ಮ್ಯಾಗ್ನಿಫಿಸೆಂಟ್ ಸೆವೆನ್' ನ್ಯೂಯಾರ್ಕಿನಲ್ಲಿ ರ‍್ಯಾಪ್ ಇನ್ನೂ ಹೊಸದಾಗಿದ್ದಾಗ, ಅಲ್ಲೇ ಕೂತು ಮಾಡಿದ ಹಾಡು. ಬೆಳಿಗ್ಗೆ ಏಳು ಗಂಟೆಗೆ ಎದ್ದು ಕೆಲಸಕ್ಕೆ ಓಡುವವನ ಪಾಡು ಅದರಲ್ಲಿ ಇದೆ. 'ಸಮ್‌ಬಡಿ ಗಾಟ್ ಮರ್ಡರ್ಡ್', 'ವಾಷಿಂಗ್ಟನ್ ಬುಲೆಟ್ಸ್' ಕೂಡ ಆ ಆಲ್ಬಮ್‌ನಲ್ಲೇ. ಈ ಮೂರನ್ನು ಕೇಳಿ ಆಮೇಲೆ ಬರೆ.

ಹಾಗಾದರೆ ವರ್ಸ್ಟ್ ಯಾವುದು? ನನಗೆ ಸಂಶಯವೇ ಇಲ್ಲ. 1985ರ 'ಕಟ್ ದ ಕ್ರ್ಯಾಪ್', ಅದರಲ್ಲೂ 'ವಿ ಆರ್ ದ ಕ್ಲ್ಯಾಷ್'. ಟಾಪರ್ ಹೋದ. 1983ರಲ್ಲಿ ಜೋನ್ಸನನ್ನೂ ಹೊರಗೆ ಹಾಕಿದರು. ಸ್ಟ್ರಮ್ಮರ್, ಸಿಮೊನನ್ ಹೊಸ ಹುಡುಗರನ್ನು ಸೇರಿಸಿಕೊಂಡರು. ಸ್ಟುಡಿಯೋದಲ್ಲಿ ಅಧಿಕಾರ ಎಲ್ಲ ಮ್ಯಾನೇಜರ್ ರೋಡ್ಸನದ್ದು. ಹೊಸ ಡ್ರಮ್ಮರ್ ಇದ್ದರೂ ಡ್ರಮ್ ಮಷೀನ್ ಹಾಕಿದರು. ಹಿಂದಿನಿಂದ ಫುಟ್‌ಬಾಲ್ ಮೈದಾನದ ಥರ ಗುಂಪಿನ ಕೂಗು. ಚೆಂಡೆ ಮದ್ದಳೆಯವರನ್ನು ಮನೆಗೆ ಕಳಿಸಿ, ಭಾಗವತರನ್ನು ರೆಕಾರ್ಡಿನ ಜೊತೆ ಹಾಡಲು ಕೂರಿಸಿದ ಹಾಗೆ. ನಾವೇ ಕ್ಲ್ಯಾಷ್ ಅಂತ ಮತ್ತೆ ಮತ್ತೆ ಕೂಗುತ್ತಾರೆ, ಆದರೆ ಅಲ್ಲಿ ಕ್ಲ್ಯಾಷ್ ಇಲ್ಲ. 2013ರಲ್ಲಿ ಎಲ್ಲ ಆಲ್ಬಮ್ ಸೇರಿಸಿ ದೊಡ್ಡ ಪೆಟ್ಟಿಗೆ ತಂದಾಗಲೂ ಇದೊಂದನ್ನು ಬಿಟ್ಟರು. 'ದಿಸ್ ಈಸ್ ಇಂಗ್ಲೆಂಡ್' ಮಾತ್ರ ಅದರಲ್ಲಿ ಉಳಿಯುವ ಹಾಡು, ಅದರಲ್ಲಿ ಸ್ಟ್ರಮ್ಮರನ ದನಿಯಲ್ಲಿ ನಿಜವಾದ ನೋವು ಇದೆ. 'ಮೆನ್ಸ್‌ಫೋರ್ತ್ ಹಿಲ್' ಏನೋ ಹೊಸತು ಮಾಡಲು ಹೋಗಿ ಕೆಟ್ಟದ್ದು. 'ವಿ ಆರ್ ದ ಕ್ಲ್ಯಾಷ್' ತನ್ನ ಹಳೆಯ ಸಿಟ್ಟನ್ನೇ ನಕಲು ಮಾಡಿ ಕೆಟ್ಟದ್ದು. ಮೊದಲನೆಯದನ್ನು ನಾನು ಕ್ಷಮಿಸುತ್ತೇನೆ.

ಪುಟ್ಟಾ, ನಿನಗೆ ಸಂತೋಷ ಆಗುವ ಒಂದು ವಿಷಯ. ಜೋನ್ಸನಿಗೆ 'ವೈಟ್ ರಯಟ್' ನುಡಿಸುವುದು ಬೇಡವಾಗಿತ್ತು, ಅದಕ್ಕೆ ಅವರೊಳಗೆ ಜಗಳವೂ ಆಗುತ್ತಿತ್ತು. 2002ರ ನವೆಂಬರಿನಲ್ಲಿ ಲಂಡನ್ನಿನ ಆಕ್ಟನ್‌ನಲ್ಲಿ ಮುಷ್ಕರದಲ್ಲಿದ್ದ ಅಗ್ನಿಶಾಮಕದವರಿಗಾಗಿ ಸ್ಟ್ರಮ್ಮರ್ ಹಾಡುತ್ತಿದ್ದ. ಕೇಳಲು ಬಂದಿದ್ದ ಜೋನ್ಸ್ ಎದ್ದು ಗಿಟಾರ್ ಹಿಡಿದು ವೇದಿಕೆ ಹತ್ತಿದ. 1983ರ ನಂತರ ಇಬ್ಬರೂ ಒಟ್ಟಿಗೆ ವೇದಿಕೆಯಲ್ಲಿ ನಿಂತದ್ದು ಅದೇ ಮೊದಲು. ನುಡಿಸಿದ ಹಾಡುಗಳಲ್ಲಿ 'ವೈಟ್ ರಯಟ್' ಇತ್ತು. ಮುಂದಿನ ತಿಂಗಳು 22ಕ್ಕೆ ಸ್ಟ್ರಮ್ಮರ್ ತೀರಿಕೊಂಡ, 50 ವರ್ಷಕ್ಕೆ.

ಇನ್ನೊಂದು ಹಾಡು ಬಾಕಿ ಇದೆ. 'ಸ್ಟ್ರೈಟ್ ಟು ಹೆಲ್'. ಅದೇ ಕುವೈತಿನ ಕ್ಯಾಸೆಟ್ಟಿನಲ್ಲಿ ಇತ್ತು. ವಿಯೆಟ್ನಾಮಿನಲ್ಲಿ ಅಮೆರಿಕದ ಸೈನಿಕರು ಬಿಟ್ಟುಹೋದ ಮಕ್ಕಳು, ಅಪ್ಪನ ಫೋಟೋ ಹಿಡಿದು ಕಾಯುವವರು, ಪರದೇಶಕ್ಕೆ ಬಂದು ಯಾರಿಗೂ ಬೇಡವಾದವರು, ಇವರ ಹಾಡು. ಟಾಪರ್ ಅದರಲ್ಲಿ ನುಡಿಸಿದ್ದು ಎಷ್ಟು ಮೆಲ್ಲಗೆ! ಅದರ ಶುರುವಿನ ತುಣುಕನ್ನೇ ಗಾಯಕಿ ಎಂಐಎ 2007ರಲ್ಲಿ 'ಪೇಪರ್ ಪ್ಲೇನ್ಸ್'ಗೆ ತೆಗೆದುಕೊಂಡದ್ದು. 'ಸ್ಲಮ್‌ಡಾಗ್ ಮಿಲಿಯನೇರ್' ನೋಡಿದವರೆಲ್ಲ ಅದನ್ನು ಕೇಳಿದ್ದೀರಿ. ಗಲ್ಫಿಗೆ ಹೋದವರ ಫೋಟೋ ಗೋಡೆಯಲ್ಲಿ ನೋಡಿಕೊಂಡು ಎಷ್ಟು ಮಕ್ಕಳು ನಮ್ಮ ಊರಿನಲ್ಲಿ ಬೆಳೆದಿಲ್ಲ? ಪೆರ್ಲದ ಭಾವ, ನೀವು ಸ್ವತಃ ಶಾರ್ಜಾದಲ್ಲಿ ಇದ್ದವರು. ನಿಮ್ಮ ಮೊದಲ ಹತ್ತರಲ್ಲಿ ಈ ಹಾಡು ಯಾಕೆ ಇಲ್ಲ ಅಂತ ದಯವಿಟ್ಟು ವಾಯ್ಸ್ ಹಾಕಿ ಹೇಳಿ, ಇಮೋಜಿ ಬೇಡ.