ಶೆಡ್ಡಿನಲ್ಲೇ ಕಟ್ಟಿದ 1991ರ ಜೀಪ್: ಆರ್‌ಸಿ ರಿನ್ಯೂವಲ್ ಇನ್‌ಸ್ಪೆಕ್ಷನ್‌ನಲ್ಲಿ ವಾಪಸ್ ಕಳಿಸಿದರು, ಏನು ಮಾಡೋದು?

ಕಮಲಾಪುರ ಜೀಪ್:

ಎಲ್ಲರಿಗೂ ನಮಸ್ಕಾರ. ಗಾಡಿ ಮಹೀಂದ್ರಾ ಎಂಎಂ 540 ಡೀಸೆಲ್, 1991ರ ಮಾಡೆಲ್, ಅಪ್ಪನ ಹೆಸರಲ್ಲಿದೆ. ಆರ್‌ಸಿ ಅವಧಿ 2021ಕ್ಕೆ ಮುಗಿದಿದೆ. ಅಲ್ಲಿಂದ ಹೊಲದ ಶೆಡ್ಡಿನಲ್ಲೇ ನಿಂತಿತ್ತು. ಬಾಡಿ ಪೂರ್ತಿ ತುಕ್ಕು, ಸೀಟಿನಲ್ಲಿ ಕೂತು ಕೆಳಗೆ ನೋಡಿದರೆ ನೆಲ ಕಾಣುತ್ತಿತ್ತು. ಚಾಸಿಸ್ ಮಾತ್ರ ಗಟ್ಟಿ. ಹಾಗಾಗಿ ಅದೇ ಅಳತೆಯ ಹೊಸ ಬಾಡಿ ತರಿಸಿ, ಎಂಜಿನ್‌ಗೆ ಲೈನರ್, ಪಿಸ್ಟನ್ ಹಾಕಿಸಿ, ವೈರಿಂಗ್ ಹೊಸದಾಗಿ ಎಳೆದು ನಾನೂ ನನ್ನ ತಮ್ಮನೂ ಸೇರಿ ಕಟ್ಟಿದೆವು. ಎಂಜಿನ್ ಹಳೆಯದೇ, ನಂಬರ್ ಆರ್‌ಸಿಗೆ ಸರಿಯಾಗಿ ಹೊಂದುತ್ತದೆ.

ಆರ್‌ಟಿಒ ಇನ್‌ಸ್ಪೆಕ್ಷನ್‌ಗೆ ಹೋದರೆ ಪಾಸ್ ಆಗಲಿಲ್ಲ. ಸಾಹೇಬರು ಸುತ್ತು ಹಾಕಿ, ಬಗ್ಗಿ ನೋಡಿ, ಸಮಾಧಾನವಾಗಿಯೇ ಹೇಳಿದರು. ಚಾಸಿಸ್ ಮೇಲೆ ಕೊರೆದ ನಂಬರಿನ ಪೆನ್ಸಿಲ್ ಪ್ರಿಂಟ್ ಬರುತ್ತಿಲ್ಲ. ಹ್ಯಾಂಡ್ ಬ್ರೇಕ್ ಹಿಡಿಯುತ್ತಿಲ್ಲ. ಬ್ರೇಕ್ ಒತ್ತಿದರೆ ಹಿಂದಿನ ಇಂಡಿಕೇಟರ್ ಕೂಡ ಸಣ್ಣಗೆ ಮಿಣುಕುತ್ತದೆ. ಕೊನೆಗೆ "ಈ ಬಣ್ಣ ನಡೆಯಲ್ಲ" ಅಂದರು. ಆರ್‌ಸಿಯಲ್ಲಿ ಬಿಳಿ ಇದೆ, ನಾವು ಮಿಲಿಟರಿ ಹಸಿರು ಹೊಡೆಸಿದ್ದೇವೆ. ಆರ್‌ಸಿಯಲ್ಲಿ ಬಣ್ಣ ಬದಲಾಯಿಸಿಕೊಂಡರೆ ಸಾಕಲ್ವಾ? ಪೇಂಟಿಗೇ ಜಾಸ್ತಿ ದುಡ್ಡು ಹೋಗಿದೆ.

ಇದರ ಜೊತೆ ಹೊಗೆ ತಪಾಸಣೆಯಲ್ಲೂ ಹೊಗೆಯ ದಟ್ಟಣೆಯ ಅಂಕಿ 65 ದಾಟುತ್ತಿದೆ. ಯಾವುದರಿಂದ ಶುರು ಮಾಡಲಿ?

ಜೇವರ್ಗಿ ರೋಡ್:

ಸುಮ್ನೆ ಏಜೆಂಟ್ ಕೈಗೆ ಕೊಟ್ಟುಬಿಡಿ ಸರ್. ಇಷ್ಟೆಲ್ಲಾ ತಲೆನೋವು ಯಾಕೆ?

ಕಪನೂರ ಗ್ಯಾರೇಜ್:

ಏಜೆಂಟ್ ಫಾರಂ ತುಂಬುತ್ತಾನೆ. ಹ್ಯಾಂಡ್ ಬ್ರೇಕ್ ಹಿಡಿಯುವಂತೆ ಮಾಡುತ್ತಾನಾ? ಬಿಡಿ ಅದನ್ನ.

ತಮ್ಮಾ, ಮೊದಲು ಬಣ್ಣದ ಮಾತು ಮುಗಿಸೋಣ. ಅದಕ್ಕೆ ರಿಪೇರಿ ಇಲ್ಲ. ಆಲಿವ್ ಹಸಿರು ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅದನ್ನೇ ಹೇಳುತ್ತದೆ. ಆರ್‌ಸಿಯಲ್ಲಿ ಬರೆಸಿಕೊಳ್ಳೋಣ ಅಂದರೂ ಆ ಬಣ್ಣವನ್ನು ಬರೆಯುವ ಹಾಗಿಲ್ಲ. ನಮ್ಮ ಕಡೆ ಜೀಪು ಕಟ್ಟುವ ಹುಡುಗರೆಲ್ಲ ಮೊದಲು ಇದನ್ನೇ ಹೊಡೆಸುತ್ತಾರೆ. ರಸ್ತೆಯಲ್ಲಿ ಯಾರೂ ಹಿಡಿಯಲಿಲ್ಲ ಅಂದರೆ ನಡೆಯುತ್ತದೆ ಅಂತಲ್ಲ. ಬೇರೆ ಬಣ್ಣ ಬೇಕಿದ್ದರೆ ಮೊದಲು ಅರ್ಜಿ ಹಾಕಿ ಒಪ್ಪಿಗೆ ತಗೊಳ್ಳಬೇಕು. ಬಿಳಿಗೇ ವಾಪಸ್ ಹೋದರೆ ಆ ಕಾಗದದ ಕೆಲಸವೇ ಇಲ್ಲ. ಬಿಸಿಲಿಗೂ ಒಳ್ಳೆಯದು. ಮೇ ತಿಂಗಳಲ್ಲಿ ಕಡು ಹಸಿರಿನ ಬಾನೆಟ್ ಮೇಲೆ ಕೈ ಇಟ್ಟು ನೋಡು, ಗೊತ್ತಾಗುತ್ತದೆ.

ಚಾಸಿಸ್ ನಂಬರ್ ಎಲ್ಲಕ್ಕಿಂತ ದೊಡ್ಡದು. ಪೇಂಟರ್ ಚಾಸಿಸ್‌ಗೆ ಪ್ರೈಮರ್ ಹೊಡೆದು, ಮೇಲೆ ದಪ್ಪ ಕಪ್ಪು ಬಳಿದಿರುತ್ತಾನೆ. ಅಕ್ಷರದ ಗುಂಡಿಯೆಲ್ಲ ತುಂಬಿರುತ್ತದೆ. ಅಲ್ಲಿ ಗ್ರೈಂಡರ್ ಮುಟ್ಟಿಸಬೇಡ. ಮರಳು ಕಾಗದವೂ ಬೇಡ. ನಂಬರಿನ ಸುತ್ತ ಉಜ್ಜಿದ ಗೀರು ಕಂಡರೆ ತಿದ್ದಿದ ನಂಬರ್ ಅಂತ ಅನುಮಾನ ಬರುತ್ತದೆ. ಆಮೇಲೆ ಗಾಡಿ ನಿನ್ನದೇ ಅಂತ ನೀನು ಸಾಬೀತು ಮಾಡುತ್ತಾ ಕೂರಬೇಕು. ಅಂಗಡಿಯಲ್ಲಿ ಪೇಂಟ್ ರಿಮೂವರ್ ಸಿಗುತ್ತದೆ. ಬ್ರಷ್‌ನಲ್ಲಿ ಹಚ್ಚಿ ಬಿಡು. ಪೇಂಟ್ ಉಬ್ಬಿ ಏಳುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕು, ಥಿನ್ನರ್‌ನಲ್ಲಿ ಒರೆಸು. ಮತ್ತೆ ಹಚ್ಚು. ಗುಂಡಿಯ ತಳದ ಪ್ರೈಮರ್ ಬರುವ ತನಕ ಹೀಗೇ. ಆಮೇಲೆ ಪೆನ್ಸಿಲ್ ಸೀಸ ಉಜ್ಜಿ, ಮೇಲೆ ಸೆಲ್ಲೋ ಟೇಪ್ ಒತ್ತಿ ಎತ್ತಿ ನೋಡು. ಮನೆಯಲ್ಲಿ ನಿನಗೆ ಪ್ರಿಂಟ್ ಬಂದರೆ ಅಲ್ಲೂ ಬರುತ್ತದೆ. ಮೇಲೆ ಪೇಂಟ್ ಬೇಡ, ಸ್ವಲ್ಪ ಗ್ರೀಸ್ ಸವರಿಡು.

ಹ್ಯಾಂಡ್ ಬ್ರೇಕ್‌ಗೆ ಕೇಬಲ್ ಬಿಗಿ ಮಾಡಿಸಿದ್ದೀಯಾ? ಅಡಿಯಲ್ಲಿ ಎಣ್ಣೆ ಇದೆಯಾ?

ಕಮಲಾಪುರ ಜೀಪ್:

ಕಾಕಾ, ಕೇಬಲ್ ಪೂರ್ತಿ ಎಳೆದಿದ್ದೇವೆ, ಇನ್ನು ಜಾಗವೇ ಇಲ್ಲ. ಎಣ್ಣೆ ಸ್ವಲ್ಪ ಇದೆ. ಹಳೇ ಜೀಪಿಗೆ ಅದು ಮಾಮೂಲಿ ಅಂದರು.

ಕಪನೂರ ಗ್ಯಾರೇಜ್:

ಮಾಮೂಲಿ ಅನ್ನೋರು ಇನ್‌ಸ್ಪೆಕ್ಷನ್ ದಿನ ಜೊತೆಗೆ ಬರಲ್ಲ.

ಈ ಜೀಪಿನ ಹ್ಯಾಂಡ್ ಬ್ರೇಕ್ ಕಾರಿನ ಹಾಗೆ ಹಿಂದಿನ ಚಕ್ರದಲ್ಲಿ ಇಲ್ಲ. ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಡಬ್ಬಿ) ಹಿಂದೆ, ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಕಡೆ ಒಂದು ಸಣ್ಣ ಡ್ರಮ್ ಇದೆ, ಅದರೊಳಗೆ. ಅದರ ಬೆನ್ನಿಗೇ ಆಯಿಲ್ ಸೀಲ್. ಸೀಲ್ ಸೋರಿದರೆ ಎಣ್ಣೆ ಸೀದಾ ಡ್ರಮ್ಮಿಗೆ ಬಂದು ಬ್ರೇಕ್ ಶೂ ನೆನೆಯುತ್ತದೆ. ಎಣ್ಣೆ ಕುಡಿದ ಶೂಗೆ ಕೇಬಲ್ ಎಷ್ಟು ಎಳೆದರೂ ಅಷ್ಟೇ. ಪೆಟ್ರೋಲ್‌ನಲ್ಲಿ ತೊಳೆದರೆ ಎರಡು ದಿನ ಹಿಡಿದ ಹಾಗೆ ಕಾಣುತ್ತದೆ, ಬಿಸಿಯಾದ ಕೂಡಲೇ ಒಳಗಿನ ಎಣ್ಣೆ ಮತ್ತೆ ಹೊರಗೆ ಬರುತ್ತದೆ. ಶಾಫ್ಟ್ ಬಿಚ್ಚು, ಡ್ರಮ್ ಎಳೆ, ಸೀಲ್ ಹೊಸದು, ಶೂ ಹೊಸದು.

ಸೀಲ್ ಹಾಕುವ ಮುಂಚೆ ಬ್ರೀದರ್ ನೋಡು. ಟ್ರಾನ್ಸ್‌ಫರ್ ಕೇಸ್‌ನಿಂದ ಗಾಳಿ ಹೊರಗೆ ಹೋಗುವ ಸಣ್ಣ ತೂತು ಅದು. ನಮ್ಮ ಎರೆ ಮಣ್ಣು ಒಂದು ಮಳೆಗಾಲ ಅಂಟಿದರೆ ಸಾಕು, ಸಿಮೆಂಟ್ ಆಗಿ ಕೂರುತ್ತದೆ. ಆಮೇಲೆ ಒಳಗೆ ಒತ್ತಡ ಏರಿ ಹೊಸ ಸೀಲನ್ನೂ ದಾಟಿ ಎಣ್ಣೆ ಹೊರಗೆ ನೂಕುತ್ತದೆ. ಸೀಲ್ ಮೇಲೆ ಸೀಲ್ ಬದಲಾಯಿಸಿ, ಬ್ರೀದರ್ ಮುಟ್ಟದೆ ಇರುವವರನ್ನ ಎಷ್ಟೋ ಜನರನ್ನ ನೋಡಿದ್ದೇನೆ.

ಕೆಲಸ ಮುಗಿದ ಮೇಲೆ ಕೆರೆ ಏರಿಯ ಇಳಿಜಾರಿನಲ್ಲಿ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ನೋಡು, ಚಕ್ರಕ್ಕೆ ಕಲ್ಲು ಕೊಟ್ಟು. ಓಡುವಾಗ ಈ ಬ್ರೇಕ್ ಎಳೆದು ಪರೀಕ್ಷೆ ಮಾಡಬೇಡ. ಪೂರ್ತಿ ಪೆಟ್ಟು ಶಾಫ್ಟ್ ಕ್ರಾಸಿಗೂ (ಶಾಫ್ಟಿನ ಕೀಲು) ಹಿಂದಿನ ಡಿಫರೆನ್ಷಿಯಲ್‌ಗೂ ಬೀಳುತ್ತದೆ.

ಶಹಾಬಾದ್ ಫರ್ಶಿ:

ಲೈಟಿನ ಸಮಸ್ಯೆ ನಾನು ಹೇಳುತ್ತೇನೆ, ಅದು ನನ್ನ ಕೆಲಸ. ಹೊಸ ಪೇಂಟ್ ಆದ ಗಾಡಿಗೆ ಇದು ಬಂದೇ ಬರುತ್ತದೆ. ಅರ್ಥ್ ಸಿಗುತ್ತಿಲ್ಲ, ಅಷ್ಟೇ. ದೀಪದ ಡಬ್ಬಿ ಬಾಡಿಗೆ ಬೋಲ್ಟ್ ಆಗಿರುತ್ತದೆ, ನಡುವೆ ಪೇಂಟ್. ಬ್ರೇಕ್ ಒತ್ತಿದಾಗ ಕರೆಂಟ್ ವಾಪಸ್ ಹೋಗೋಕೆ ದಾರಿ ಇಲ್ಲದೆ ಪಕ್ಕದ ಬಲ್ಬಿನ ಮೂಲಕ ಹೋಗುತ್ತದೆ. ಅದಕ್ಕೇ ಎರಡೂ ಮಂಕಾಗಿ ಉರಿಯುತ್ತವೆ.

ಒಂದು ಉದ್ದ ವೈರ್ ತಗೊಂಡು ಬ್ಯಾಟರಿ ನೆಗೆಟಿವ್‌ನಿಂದ ನೇರ ಹಿಂದಿನ ದೀಪದ ಲೋಹಕ್ಕೆ ಮುಟ್ಟಿಸಿ, ತಮ್ಮನಿಗೆ ಬ್ರೇಕ್ ಒತ್ತಲು ಹೇಳಿ. ಮಿಣುಕೋದು ನಿಂತರೆ ಕಾಯಿಲೆ ಅದೇ. ಆಮೇಲೆ ಬೋಲ್ಟ್ ಕೆಳಗಿನ ಪೇಂಟ್ ಕೆರೆದು ಹಲ್ಲಿನ ವಾಷರ್ ಹಾಕಿ. ನಾನಂತೂ ಎರಡೂ ಕಡೆ ದೀಪದಿಂದ ಚಾಸಿಸ್‌ಗೆ ಬೇರೆ ಅರ್ಥ್ ವೈರ್ ಕೊಡುತ್ತೇನೆ. ಎಂಜಿನ್ನಿನಿಂದ ಚಾಸಿಸ್‌ಗೆ ಹೋಗುವ ಪಟ್ಟಿಯನ್ನೂ ನೋಡಿ. ಅದನ್ನ ವಾಪಸ್ ಹಾಕೋದು ಬಹಳ ಜನ ಮರೆಯುತ್ತಾರೆ. ಸೆಲ್ಫ್ ನಿಧಾನ ತಿರುಗುತ್ತಿದ್ದರೆ ಅದೇ ಕಾರಣ.

ಹೊಗೆಗೆ ಸುಲಭದ ದಾರಿ: ಎಂಜಿನ್ನಿನ ಡೀಸೆಲ್ ಪಂಪಿನ ಸ್ಕ್ರೂ ಸ್ವಲ್ಪ ಹಿಂದಕ್ಕೆ ತಿರುಗಿಸಿ, ಸರ್ಟಿಫಿಕೇಟ್ ತಗೊಂಡು ಮತ್ತೆ ಮುಂದಕ್ಕೆ.

ಕಪನೂರ ಗ್ಯಾರೇಜ್:

ಲೈಟಿನದು ಪೂರ್ತಿ ಒಪ್ಪಿದೆ. ಸ್ಕ್ರೂ ಒಪ್ಪಲ್ಲ. ಆ ಸ್ಕ್ರೂ ಮೇಲಿನ ಸೀಲ್ ಒಡೆದರೆ ಆಮೇಲೆ ಪಂಪನ್ನು ಪರೀಕ್ಷೆಯ ಬೆಂಚಿಗೆ ಹಾಕದೆ ಸರಿ ಬರಲ್ಲ. 65 ಅನ್ನೋದು ಹಳೇ ಡೀಸೆಲ್ ಗಾಡಿಗೆ ಕೊಟ್ಟಿರುವ ಮಿತಿ. ಬಿಎಸ್ 4 (ಆಮೇಲೆ ಬಂದ ಹೊಗೆ ಮಾನದಂಡ) ಗಾಡಿಗೆ ಅದು 50. ಲೈನರ್, ಪಿಸ್ಟನ್ ಹೊಸದಿರುವ ಎಂಜಿನ್ 65 ದಾಟುತ್ತಿದ್ದರೆ ಬೇರೆ ಏನೋ ಇದೆ. ಹೊಗೆ ಯಾವ ಬಣ್ಣ?

ಕಮಲಾಪುರ ಜೀಪ್:

ಕಪ್ಪು. ರೇಸ್ ಕೊಟ್ಟಾಗ ಮಾತ್ರ.

ಕಪನೂರ ಗ್ಯಾರೇಜ್:

ಹಾಗಾದರೆ ಗಾಳಿ ಸಾಲುತ್ತಿಲ್ಲ, ಇಲ್ಲಾ ನಾಜಲ್ ಡೀಸೆಲ್ಲನ್ನು ಸರಿಯಾಗಿ ಚಿಮ್ಮಿಸುತ್ತಿಲ್ಲ. ನೀಲಿ ಇದ್ದರೆ ಆಯಿಲ್ ಸುಡುತ್ತಿದೆ ಅಂತಿದ್ದೆ. ಏರ್ ಕ್ಲೀನರ್ ಎಣ್ಣೆ ತುಂಬುವ ಡಬ್ಬಿಯದೇ ಇದ್ದರೆ ಬಿಚ್ಚಿ ನೋಡು. ಗುರುತಿನ ಗೆರೆಗಿಂತ ಮೇಲೆ ಎಣ್ಣೆ ಹಾಕಿದ್ದರೆ ಗಾಳಿ ಕಟ್ಟುತ್ತದೆ. ಒಳ್ಳೆಯದಾಗಲಿ ಅಂತ ಜಾಸ್ತಿ ಹಾಕಿರುತ್ತಾರೆ. ಅದು ಸರಿ ಇದ್ದರೆ ನಾಜಲ್ ಬಿಚ್ಚಿ ಪಂಪ್ ಅಂಗಡಿಯಲ್ಲಿ ಒತ್ತಡ ಪರೀಕ್ಷೆ ಮಾಡಿಸು. ಮತ್ತೆ, ತಪಾಸಣೆಗೆ ತಣ್ಣಗಿನ ಎಂಜಿನ್ ತಗೊಂಡು ಹೋಗಬೇಡ. ಹೋಗುವ ಮುಂಚೆ ಚೆನ್ನಾಗಿ ಬಿಸಿ ಆಗಿರಲಿ.

ಯಾದಗಿರಿ ಕಾಗದ:

ಗಾಡಿ ಕೆಲಸ ಕಾಕಾ ಹೇಳಿದರು. ಕಾಗದದ ಕೆಲಸ ನಾನು ಹೇಳುತ್ತೇನೆ, ಇಲ್ಲದಿದ್ದರೆ ಎಲ್ಲಾ ಸರಿ ಮಾಡಿ ಮತ್ತೆ ವಾಪಸ್ ಬರಬೇಕಾದೀತು.

ರಿನ್ಯೂವಲ್‌ಗೆ ಫಾರಂ 25. ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ ಹಾಕೋದು ಕ್ರಮ. ನಿಮ್ಮದು 2021ಕ್ಕೇ ಮುಗಿದಿರುವುದರಿಂದ ತಡದ ಶುಲ್ಕ ಬರುತ್ತದೆ. 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಲ್ಲಿ ಕಾರು, ಜೀಪಿಗೆ ರಿನ್ಯೂವಲ್ 5,000 ರೂಪಾಯಿ, ತಡವಾದರೆ ತಿಂಗಳಿಗೆ 500. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಗಾಡಿಗೆ ಆ 5,000ವನ್ನು 10,000 ಮಾಡಿದರು. ಹಸಿರು ತೆರಿಗೆ ಬೇರೆ. ಇಷ್ಟು ಕಟ್ಟಿದರೆ ಸಿಗೋದು 5 ವರ್ಷ. ಪರಿವಾಹನ್ ಪೋರ್ಟಲ್‌ನಲ್ಲಿ ಗಾಡಿ ನಂಬರ್ ಹಾಕಿ ನೋಡಿ. ಹಳೇ ಪುಸ್ತಕದ ಆರ್‌ಸಿ ಕಂಪ್ಯೂಟರ್‌ಗೆ ಏರದೆ ಇದ್ದರೆ ಮೊದಲು ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಎಂಟ್ರಿ ಆದಾಗ ಚಾಸಿಸ್ ನಂಬರಿನ ಒಂದೊಂದು ಅಕ್ಷರ ಕೂತು ಓದಿ. ಸೊನ್ನೆ ಇರುವ ಕಡೆ ಓ ಅಂತ ಒತ್ತಿರುತ್ತಾರೆ.

ಬಾಡಿ ಅದೇ ಅಳತೆಯದು ಅಂದಿರಿ, ಅದು ಬಹಳ ಒಳ್ಳೆಯದಾಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ, ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ ಅಂತ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಹರಿಯಾಣದ ಮಂಡಿ ಡಬವಾಲಿಯಲ್ಲಿ ಹಳೇ ಸಾಮಾನು ಜೋಡಿಸಿ ಜೀಪು ಕಟ್ಟಿ ದೇಶದ ತುಂಬಾ ಕಳಿಸುತ್ತಾರಲ್ಲ, ಅಂಥದ್ದು ತಂದವರಿಗೆ ಪೇಚಾಟ ಇಲ್ಲೇ. ನೋಡೋಕೆ ಚೆಂದ. ಆದರೆ ಆರ್‌ಸಿಯಲ್ಲಿರುವ ಎಂಜಿನ್ನೇ ಬೇರೆ, ಒಳಗೆ ಕೂತಿರೋದೇ ಬೇರೆ. ನನ್ನ ಕೇಳಿದರೆ ಜೀಪು ಕಟ್ಟುವವರು ಮೊದಲು ಕೊಳ್ಳಬೇಕಾದ್ದು ಸ್ಪ್ಯಾನರ್ ಅಲ್ಲ, ಆರ್‌ಸಿಯ ಜೆರಾಕ್ಸ್. ಅದರಲ್ಲಿ ಇರೋದೇ ಗಾಡಿ. ಸಾಹೇಬರು ಪ್ರತಿ ಸಾಲಿಗೂ ಅದನ್ನೇ ಹೋಲಿಸಿ ನೋಡುತ್ತಾರೆ.

ಇಲಾಖೆಯ ಹರಾಜಿನಲ್ಲಿ ಹಳೇ ಜೀಪು ಅಗ್ಗಕ್ಕೆ ಸಿಗುತ್ತದೆ ಅಂತ ಕನಸು ಕಾಣುವವರಿಗೂ ಒಂದು ಮಾತು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಯ ನೋಂದಣಿ ರಿನ್ಯೂವಲ್ ಆಗುವುದಿಲ್ಲ.

ಕಮಲಾಪುರ ಜೀಪ್:

ಪಾಸ್ ಆಯಿತು. ಎಲ್ಲರಿಗೂ ದೊಡ್ಡ ಥ್ಯಾಂಕ್ಸ್.

ಕಾಕಾ ಹೇಳಿದ ಹಾಗೆ ಡ್ರಮ್ ಎಳೆದರೆ ಒಳಗೆ ಎಣ್ಣೆಯೂ ಶೂ ಪುಡಿಯೂ ಸೇರಿ ಕಪ್ಪು ಹಲ್ವಾ. ಬ್ರೀದರ್ ಎಲ್ಲಿದೆ ಅಂತಲೇ ಕಾಣಲಿಲ್ಲ, ಮಣ್ಣು ಕೆರೆದ ಮೇಲೆ ಸಿಕ್ಕಿತು. ಏರ್ ಕ್ಲೀನರ್ ಎಣ್ಣೆ ಗೆರೆಗಿಂತ ಮೇಲಿತ್ತು. ಅದನ್ನ ಇಳಿಸಿ ನಾಜಲ್ ಮಾಡಿಸಿದ ಮೇಲೆ ಹೊಗೆ ಮಿತಿಯೊಳಗೆ ಬಂತು. ಪಂಪ್ ಮುಟ್ಟಲಿಲ್ಲ. ಚಾಸಿಸ್ ನಂಬರಿಗೆ ರಿಮೂವರ್ ಹಚ್ಚಿದಾಗ ಮೊದಲು ಹಸಿರು, ಆಮೇಲೆ ಕಪ್ಪು, ಆಮೇಲೆ ಕೆಂಪು ಪ್ರೈಮರ್ ಪದರ ಪದರವಾಗಿ ಎದ್ದು ಬಂತು. ಕೊನೆಯ ಎರಡು ಅಂಕೆ ಮಾತ್ರ ಬಹಳ ಸತಾಯಿಸಿದವು. ಗಾಡಿ ಈಗ ಬಿಳಿ. ತಮ್ಮ ಇನ್ನೂ ಸಿಟ್ಟಿನಲ್ಲಿದ್ದಾನೆ.

ಈ ಸಲ ಹೊಸದಾಗಿ ಕೇಳಿದ್ದು ಸ್ಪೀಡೋಮೀಟರ್. ಮುಳ್ಳು ಏಳುತ್ತಿರಲಿಲ್ಲ. ಕೇಬಲ್ ತುದಿ ಟ್ರಾನ್ಸ್‌ಫರ್ ಕೇಸ್ ಕಡೆ ಕೂತಿರಲಿಲ್ಲ, ಅಲ್ಲೇ ಹಾಕಿಕೊಂಡು ತೋರಿಸಿದೆವು. ಹಿಂದಿನ ಕೆಂಪು ರಿಫ್ಲೆಕ್ಟರ್ ಮುಟ್ಟಿ ನೋಡಿದರು. ನಾವು ಹಾಕಿಸಿದ್ದ ಎಲ್‌ಇಡಿ ಬಾರ್ ದೀಪವನ್ನು ಮೊದಲೇ ಬಿಚ್ಚಿಟ್ಟು ಹೋಗಿದ್ದೆವು.

ಬೀದರ್ ಡಿಪ್ಲೊಮಾ:

ಅಣ್ಣಾ, ಇಲ್ಲೇ ಒಂದು ಪ್ರಶ್ನೆ. ನಾವು ಕಾಲೇಜಿನ ಹುಡುಗರು ಪೈಪ್ ಫ್ರೇಮ್ ವೆಲ್ಡ್ ಮಾಡಿ ಮಾರುತಿ 800ರ ಎಂಜಿನ್ ಕೂರಿಸಿ ಸ್ಪರ್ಧೆಗೆ ಅಂತ ಬಗ್ಗಿ (ತೆರೆದ ಸಣ್ಣ ಗಾಡಿ) ಕಟ್ಟಿದ್ದೇವೆ. 800ರ ಆರ್‌ಸಿ ಚಾಲ್ತಿಯಲ್ಲಿದೆ. ಅದೇ ನಂಬರಿನಲ್ಲಿ ಕೆಎ 38 ಹಾಕಿ ಓಡಿಸಬಹುದಾ?

ಯಾದಗಿರಿ ಕಾಗದ:

ಬೇಡ ತಮ್ಮಾ, ಯೋಚನೆ ಕೂಡ ಮಾಡಬೇಡ. 800ರ ಚಾಸಿಸ್ ನಂಬರ್ ಅದರ ಬಾಡಿಯಲ್ಲೇ ಕೊರೆದಿರುತ್ತದೆ. ಆ ತಗಡು ಕತ್ತರಿಸಿ ನಿಮ್ಮ ಪೈಪಿಗೆ ಬೆಸುಗೆ ಹಾಕಿದರೆ ಅದು ನೇರ ಪೊಲೀಸ್ ಕೇಸು.

ಹೊಸ ಗಾಡಿ ಅಂತ ನೋಂದಣಿ ಮಾಡಿಸೋಣ ಅಂದರೆ ಫಾರಂ 21 ಮಾರಾಟ ಪತ್ರ ಬೇಕು, ಫಾರಂ 22 ಬೇಕು. ಫಾರಂ 22 ಅಂದರೆ ಹೊಗೆ, ಸುರಕ್ಷತೆ, ರಸ್ತೆಗೆ ಯೋಗ್ಯ ಅನ್ನುವುದಕ್ಕೆ ತಯಾರಕರು ಕೊಡುವ ಪತ್ರ. ಅದನ್ನ ಕೊಡಬೇಕಾದರೆ 126ನೇ ನಿಯಮದ ಪ್ರಕಾರ ಮಾದರಿ ಗಾಡಿ ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್ ಥರದ ಸಂಸ್ಥೆಯಲ್ಲಿ ಪರೀಕ್ಷೆ ಪಾಸ್ ಆಗಿರಬೇಕು. ಸಾವಿರಗಟ್ಟಲೆ ಗಾಡಿ ಮಾಡುವ ಕಂಪನಿಗೆ ಅದು ಸರಿ. ಒಂದೇ ಒಂದು ಕಟ್ಟಿದವರಿಗೆ ಆ ಖರ್ಚು ಹೊರೋಕೆ ಆಗಲ್ಲ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಟ್ಟಿದ ಒಂದೊಂದು ಕಾರನ್ನೂ ಬೇರೆಯಾಗಿ ಪರೀಕ್ಷೆ ಮಾಡಿ ಪಾಸ್ ಮಾಡುವ ವ್ಯವಸ್ಥೆ ಇದೆ. ಆ ವಿಡಿಯೋ ನೋಡಿ ಇಲ್ಲಿ ಲೆಕ್ಕ ಹಾಕಬೇಡಿ.

ಬೀದರ್ ಡಿಪ್ಲೊಮಾ:

ಹಾಗಾದರೆ ಸ್ಪರ್ಧೆಗೆ ಹೇಗೆ ತಗೊಂಡು ಹೋಗೋದು?

ಕಪನೂರ ಗ್ಯಾರೇಜ್:

ಗೂಡ್ಸ್ ಗಾಡಿ ಮೇಲೆ ಹೇರಿಕೊಂಡು. ಚಕ್ರದ ಹೊರಗಿನಿಂದ ಹೊರಗೆ ಅಗಲ ಅಳೆದು, ಗೂಡ್ಸ್ ಗಾಡಿಯ ಡಾಲಾ (ಸಾಮಾನು ಹೇರುವ ಜಾಗ) ಅಗಲ ಕೇಳಿ ಬಾಡಿಗೆ ಮಾತಾಡಿ. ನಾಲ್ಕೂ ಮೂಲೆಗೆ ಬೆಲ್ಟ್ ಬಿಗಿಯಿರಿ, ಹಗ್ಗ ಬೇಡ. ಬ್ಯಾಟರಿ ವೈರ್ ಬಿಚ್ಚಿ, ಟ್ಯಾಂಕ್ ಖಾಲಿ ಮಾಡಿ. ಅಲ್ಲಿ ತನಕ ಹೊಲದಲ್ಲಿ ಓಡಿಸಿ, ಹೆಲ್ಮೆಟ್ ಹಾಕಿಕೊಂಡು.