ಮಾನಿಟರ್ ಸ್ಪೀಕರ್‌ನಲ್ಲಿ ಗುಂಯ್ ಶಬ್ದ: ಸೌಂಡ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಎಂಜಿನಿಯರ್: ಎಲ್ಲರಿಗೂ ನಮಸ್ಕಾರ. ಸ್ಟುಡಿಯೋ ವೈರಿಂಗ್ ನನ್ನ ಕೆಲಸ. ಕಂಪ್ಯೂಟರ್‌ಗೆ ಮಾನಿಟರ್ ಸ್ಪೀಕರ್ (ರೆಕಾರ್ಡಿಂಗ್ ಕೇಳಿ ನೋಡುವ ಸ್ಪೀಕರ್) ಹಾಕಿದರೆ ಗುಂಯ್ ಅನ್ನುತ್ತೆ ಅಂತ ವಾರದಿಂದ ಕೇಳುತ್ತಿದ್ದೀರಿ. ಪ್ರಶ್ನೆ ಹಾಕುವ ಮೊದಲು ಒಂದು ಕೆಲಸ ಮಾಡಿ. ಸ್ಪೀಕರ್ ಆಫ್ ಮಾಡಿ, ಹಿಂದಿನ ಆಡಿಯೋ ಕೇಬಲ್ ತೆಗೆದು, ಮತ್ತೆ ಆನ್ ಮಾಡಿ. ಶಬ್ದ ಹಾಗೇ ಇದ್ದರೆ ತೊಂದರೆ ಸ್ಪೀಕರ್ ಒಳಗಿದೆ. ನಿಂತರೆ ಕೇಬಲ್ ಮೂಲಕ ಬರುತ್ತಿದೆ. ಏನಾಯಿತು ಅಂತ ಬರೆದು ಕೇಳಿ.

ಹುಬ್ಬಳ್ಳಿ ಸದಸ್ಯ: ಕೇಬಲ್ ತೆಗೆದರೆ ಪೂರ್ತಿ ಸೈಲೆಂಟ್ ಸರ್. ಹಾಕಿದರೆ ಗುಂಯ್. ಮೌಸ್ ಅಲ್ಲಾಡಿಸಿದಾಗ ಕಿರ್ ಕಿರ್ ಅಂತಾನೂ ಬರುತ್ತೆ. ಲ್ಯಾಪ್‌ಟಾಪ್‌ನ ಹೆಡ್‌ಫೋನ್ ತೂತಿನಿಂದ ಸ್ಪೀಕರ್‌ಗೆ ಕೊಟ್ಟಿದ್ದೇನೆ.

ಎಂಜಿನಿಯರ್: ಚೆನ್ನಾಗಿ ಗಮನಿಸಿದ್ದೀರಿ. ಈಗ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಶಬ್ದ ನಿಂತರೆ ಅದು ಗ್ರೌಂಡ್ ಲೂಪ್. ಸ್ಪೀಕರ್ ತನ್ನ ಪ್ಲಗ್‌ನಿಂದ ಅರ್ಥ್ (ನೆಲಕ್ಕೆ ಹೋಗುವ ತಂತಿ) ಸೇರುತ್ತೆ, ಲ್ಯಾಪ್‌ಟಾಪ್ ಚಾರ್ಜರ್‌ನಿಂದ ಸೇರುತ್ತೆ, ಆಡಿಯೋ ಕೇಬಲ್ ಎರಡನ್ನೂ ಕಟ್ಟಿ ಹಾಕುತ್ತೆ. ಒಂದು ಸುತ್ತು ಆಯಿತಲ್ವಾ? ಅದರಲ್ಲಿ 50 ಹರ್ಟ್ಸ್‌ನ ಸಣ್ಣ ಕರೆಂಟ್ ಓಡಾಡುತ್ತೆ. ಕಂಪ್ಯೂಟರ್ ಒಳಗಿನ ಗಲಾಟೆಯೂ ಅದೇ ದಾರಿಯಲ್ಲಿ ಬರುತ್ತೆ, ನಿಮ್ಮ ಮೌಸಿನ ಕಿರ್ ಕಿರ್ ಅದೇ. ಮೊದಲು ಎರಡನ್ನೂ ಒಂದೇ ಸ್ಟ್ರಿಪ್‌ಗೆ (ಎಕ್ಸ್‌ಟೆನ್ಶನ್ ಬೋರ್ಡ್‌ಗೆ) ಹಾಕಿ. ಹೋಗದಿದ್ದರೆ ಆಡಿಯೋ ಕೇಬಲ್ ನಡುವೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ (ತಂತಿಗಳನ್ನು ನೇರ ಸೇರಿಸದೆ ಆಡಿಯೋ ಮಾತ್ರ ದಾಟಿಸುವ ಡಬ್ಬಿ) ಹಾಕಿ. ಲೂಪ್ ಮುರಿಯಬೇಕಾದ್ದು ಆಡಿಯೋ ದಾರಿಯಲ್ಲಿ, ಪವರ್ ದಾರಿಯಲ್ಲಿ ಅಲ್ಲ.

ಉಡುಪಿ ಪಾಡ್‌ಕಾಸ್ಟ್: ನನ್ನದು ಕೇಬಲ್ ತೆಗೆದರೂ ಗುಂಯ್ ಅನ್ನುತ್ತೆ. ಹಳೇ ಸ್ಪೀಕರ್.

ಎಂಜಿನಿಯರ್: ಒಳಗಿನ ಫಿಲ್ಟರ್ ಕೆಪಾಸಿಟರ್ (ಕರೆಂಟಿನ ಏರಿಳಿತ ಸಮ ಮಾಡುವ ಭಾಗ) ಒಣಗಿರಬಹುದು. ರಿಪೇರಿಗೆ ಕೊಡಿ. ನೀವೇ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತೆ.

ದಾವಣಗೆರೆ ಸದಸ್ಯ: ಸರ್ ನನಗೂ ಶಬ್ದ ಬರ್ತಿದೆ, ಏನು ಮಾಡಲಿ?

ಎಂಜಿನಿಯರ್: ಕೇಬಲ್ ತೆಗೆದು ನೋಡಿದಿರಾ?

ತುಮಕೂರು ಸದಸ್ಯ: ಸಬ್‌ವೂಫರ್ ಯಾವುದು ತಗೊಳ್ಳಲಿ ಸರ್?

ಹಾಸನ ಸದಸ್ಯ: ಇದು ನಮ್ಮ ಇನ್ನೊಂದು ಗ್ರೂಪಿನಲ್ಲಿ ಬಂದದ್ದು: "ಮೂರು ಪಿನ್ ಪ್ಲಗ್‌ನ ದಪ್ಪ ಪಿನ್‌ಗೆ ಟೇಪ್ ಸುತ್ತಿ. ಗುಂಯ್ ಶಬ್ದ ತಕ್ಷಣ ಮಾಯ. ಎಲ್ಲರಿಗೂ ಕಳಿಸಿ."

ಎಂಜಿನಿಯರ್: ದಯವಿಟ್ಟು ಡಿಲೀಟ್ ಮಾಡಿ. ಆ ಪಿನ್ ದಪ್ಪ ಮತ್ತು ಉದ್ದ ಇರೋದು ಸುಮ್ನೆ ಅಲ್ಲ. ಫೇಸ್ (ಕರೆಂಟ್ ಬರುವ ತಂತಿ) ತಾಗುವ ಮೊದಲೇ ಅರ್ಥ್ ತಾಗಲಿ ಅಂತ. ಅದಕ್ಕೆ ಟೇಪ್ ಸುತ್ತಿದರೆ ನೀವು ತೆಗೆದದ್ದು ಶಬ್ದವನ್ನಲ್ಲ, ರಕ್ಷಣೆಯನ್ನು.

ಶಿವಮೊಗ್ಗ ಗಾಯಕಿ: ಅಯ್ಯೋ ಸರ್, ನಾನು ಎರಡು ತಿಂಗಳ ಹಿಂದೆ ಅದನ್ನೇ ಮಾಡಿದ್ದೆ. ಬಾಡಿಗೆ ಮನೆ. ಗುಂಯ್ ಕಮ್ಮಿ ಆಯಿತು. ಆದರೆ ಹಾಡುವಾಗ ಮೈಕಿನ ಜಾಲರಿಗೆ ತುಟಿ ತಾಗಿದರೆ ಜುಮ್ ಅನ್ನುತ್ತೆ. ಬರಿಗಾಲಲ್ಲಿ ನಿಂತರೆ ಜಾಸ್ತಿ. ಚಪ್ಪಲಿ ಹಾಕಿಕೊಂಡರೆ ಇಲ್ಲ. ಪರವಾಗಿಲ್ವಾ?

ಎಂಜಿನಿಯರ್: ಇಲ್ಲ, ಹಾಗೇ ಬಿಡುವಂತಿಲ್ಲ. ಈಗಲೇ ಎಲ್ಲ ಪ್ಲಗ್ ತೆಗೆಯಿರಿ. ನಾಳೆ ಎಲೆಕ್ಟ್ರಿಷಿಯನ್ ಕರೆಸಿ, ಸ್ಟ್ರಿಪ್ಪಿನಲ್ಲಿ ಕಂಪ್ಯೂಟರ್ ಹಾಕಿಟ್ಟೇ ಮಲ್ಟಿಮೀಟರ್‌ನಿಂದ ಮೂರು ಅಳತೆ ತೆಗೆಸಿ: ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್. ನ್ಯೂಟ್ರಲ್ ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ. ನೀವೇ ಮೀಟರಿನ ಕಡ್ಡಿ ತೂರಿಸಲು ಹೋಗಬೇಡಿ. ಅಲ್ಲಿಯವರೆಗೆ ಗೀಸರ್ ಕೂಡ ಬೇಡ.

ಮೈಸೂರು ಸದಸ್ಯ: ಇಷ್ಟೆಲ್ಲ ಯಾಕೆ? ಒಳ್ಳೆ ಗೋಲ್ಡ್ ಪ್ಲೇಟೆಡ್ ಕೇಬಲ್ ಹಾಕಿದರೆ ಹಮ್ (ಈ ಗುಂಯ್ ಶಬ್ದ) ಹೋಗುತ್ತೆ.

ಹಾಸನ ಸದಸ್ಯ: ಇಲ್ಲ, ಕೇಬಲ್ ಮೇಲೆ ಫೆರೈಟ್ ಗುಂಡು ಹಾಕಬೇಕು. ನಾನು ಹಾಕಿದ್ದೇನೆ.

ಮೈಸೂರು ಸದಸ್ಯ: ಹಾಕಿದ ಮೇಲೆ ಹೋಯಿತಾ?

ಹಾಸನ ಸದಸ್ಯ: ಸ್ವಲ್ಪ ಕಮ್ಮಿ ಆಗಿದೆ. ನಿಮ್ಮ ಚಿನ್ನದ ಕೇಬಲ್‌ಗಿಂತ ವಾಸಿ.

ಮೈಸೂರು ಸದಸ್ಯ: ಟೇಪ್ ಸುತ್ತಿ ಅಂತ ಫಾರ್ವರ್ಡ್ ಮಾಡಿದವರು ಈಗ ಪಾಠ ಹೇಳ್ತಾರೆ.

ಎಂಜಿನಿಯರ್: ಇಬ್ಬರೂ ನಿಲ್ಲಿಸಿ. ಚಿನ್ನದ ಲೇಪ ತುಕ್ಕು ತಡೆಯುತ್ತೆ, ಹಮ್ ತಡೆಯಲ್ಲ. ಫೆರೈಟ್ ರೇಡಿಯೋ ಅಲೆಗಳಿಗೆ, 50 ಹರ್ಟ್ಸ್‌ಗೆ ಅಲ್ಲ. ಇಲ್ಲಿ ಒಬ್ಬರಿಗೆ ಶಾಕ್ ಹೊಡೆಯುತ್ತಿದೆ.

ಶಿವಮೊಗ್ಗ ಗಾಯಕಿ: (ಮರುದಿನ) ಅಳತೆ ಬಂತು ಸರ್. ಫೇಸ್-ನ್ಯೂಟ್ರಲ್ 231 ವೋಲ್ಟ್. ಫೇಸ್-ಅರ್ಥ್ 118. ನ್ಯೂಟ್ರಲ್-ಅರ್ಥ್ 109.

ಎಂಜಿನಿಯರ್: ನಾನು ಹೆದರಿದ್ದು ಇದಕ್ಕೇ. ಅರ್ಥಿಂಗ್ ಸರಿ ಇದ್ದರೆ ಫೇಸ್-ಅರ್ಥ್ ಕೂಡ ಸುಮಾರು 230 ಇರಬೇಕು, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ದಾಟಬಾರದು. ನಿಮ್ಮ ಸಾಕೆಟ್ಟಿನ ಅರ್ಥ್ ತೂತಿನಿಂದ ಹೊರಟ ತಂತಿ ನೆಲ ಮುಟ್ಟಿಲ್ಲ.

ಕಂಪ್ಯೂಟರಿನ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪಾಸಿಟರ್ ಅರ್ಥ್‌ಗೆ ಕಟ್ಟಿರುತ್ತಾರೆ. ನೆಲಕ್ಕೆ ದಾರಿ ಇದ್ದರೆ ಅವುಗಳ ಸಣ್ಣ ಸೋರಿಕೆ ಅಲ್ಲೇ ಇಳಿದು ಹೋಗುತ್ತೆ. ದಾರಿ ಇಲ್ಲದಿದ್ದರೆ ಅರ್ಧ ವೋಲ್ಟೇಜ್ ಪೆಟ್ಟಿಗೆಯ ಲೋಹದ ಮೇಲೆ ನಿಲ್ಲುತ್ತೆ. ಅಲ್ಲಿಂದ ಇಂಟರ್‌ಫೇಸ್ (ಮೈಕ್, ಸ್ಪೀಕರ್‌ಗಳನ್ನು ಕಂಪ್ಯೂಟರ್‌ಗೆ ಸೇರಿಸುವ ಡಬ್ಬಿ), ಅಲ್ಲಿಂದ ಮೈಕ್ ಕೇಬಲ್‌ನ ಶೀಲ್ಡ್ (ಒಳತಂತಿಗಳ ಸುತ್ತಲಿನ ಲೋಹದ ಹೊದಿಕೆ), ಅಲ್ಲಿಂದ ಜಾಲರಿ, ಅಲ್ಲಿಂದ ನಿಮ್ಮ ತುಟಿ. ಬರಿಗಾಲಲ್ಲಿ ಜಾಸ್ತಿ ಆಗಿದ್ದು ಯಾಕೆಂದರೆ ನೆಲಕ್ಕೆ ದಾರಿ ನೀವೇ ಆಗಿದ್ದಿರಿ.

ಈ ಜುಮ್ ಅನ್ನುವ ಕರೆಂಟ್ ತೀರಾ ಸಣ್ಣದು. ನನ್ನ ಚಿಂತೆ ಅದಲ್ಲ. ನಾಳೆ ಆ ಸ್ಟ್ರಿಪ್ಪಿನ ಯಾವುದೋ ಒಂದು ಸಾಧನದಲ್ಲಿ ಫೇಸ್ ಲೋಹಕ್ಕೆ ತಾಗಿದರೆ ಎಲ್ಲದರ ಮೈಮೇಲೂ 230 ಬರುತ್ತೆ, ಫ್ಯೂಸ್ ಹೋಗಲ್ಲ. 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಇದ್ದರೂ, ಅರ್ಥ್ ಇಲ್ಲದ ಮನೆಯಲ್ಲಿ ಅದು ಬೀಳೋದು ಕರೆಂಟ್ ನಿಮ್ಮ ಮೈಯೊಳಗೆ ಹರಿದ ಮೇಲೆ. ಗೀಸರ್ ಬೇಡ ಅಂದದ್ದು ಅದಕ್ಕೇ. ಮನೆ ಮಾಲೀಕರಿಗೆ ಈ ಮೂರು ಅಂಕಿ ತೋರಿಸಿ.

ಕೋಲಾರ ಸದಸ್ಯ: ನಮ್ಮ ಎಲೆಕ್ಟ್ರಿಷಿಯನ್ ಸಾಕೆಟ್ ಒಳಗೇ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಹಾಕಿದರು. ಐದು ನಿಮಿಷದ ಕೆಲಸ.

ಎಂಜಿನಿಯರ್: ಅದನ್ನು ಇವತ್ತೇ ತೆಗೆಸಿ! ಹಿಂದೆ ಎಲ್ಲಾದರೂ ನ್ಯೂಟ್ರಲ್ ಕಡಿದರೆ ಎಲ್ಲ ಲೋಹದ ಮೇಲೂ ಪೂರ್ತಿ ಫೇಸ್ ಬರುತ್ತೆ.

ಕೋಲಾರ ಸದಸ್ಯ: ನಾಲ್ಕು ವರ್ಷದಿಂದ ಏನೂ ಆಗಿಲ್ಲ ಸರ್.

ಎಂಜಿನಿಯರ್: ಆಗುವುದು ಒಂದೇ ಸಲ. ಇದರ ಬಗ್ಗೆ ವಾದ ಮಾಡಲ್ಲ.

ದಾವಣಗೆರೆ ಸದಸ್ಯ: ಇಷ್ಟು ಸಿಟ್ಟು ಯಾಕೆ? ಕೇಳಿದ್ದಕ್ಕೆ ಉತ್ತರ ಕೊಡಿ. ನನ್ನದು ಇನ್ನೂ ಗುಂಯ್ ಅನ್ನುತ್ತಿದೆ.

ಎಂಜಿನಿಯರ್: ಕೇಬಲ್ ತೆಗೆದು ನೋಡಿ. ಮೂರನೇ ಸಲ ಹೇಳಲ್ಲ.

ತುಮಕೂರು ಸದಸ್ಯ: ಸಬ್‌ವೂಫರ್ ಸರ್?

ಮೈಸೂರು ಸದಸ್ಯ: ಅರ್ಥ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಸುರಿದರೆ ಸಾಕು.

ಹಾಸನ ಸದಸ್ಯ: ತಂತಿಯೇ ಗುಂಡಿ ಮುಟ್ಟಿಲ್ಲ ಅಂತಿದ್ದಾರೆ. ಓದಿ ಬರೆಯಿರಿ.

ಶಿವಮೊಗ್ಗ ಗಾಯಕಿ: (ಐದು ದಿನದ ಮೇಲೆ) ಮಾಲೀಕರು ಒಪ್ಪಿದರು ಸರ್. ಮೀಟರ್ ಬೋರ್ಡ್ ಹಿಂದೆ ಅರ್ಥ್ ತಂತಿ ತುಕ್ಕು ಹಿಡಿದು ತುಂಡಾಗಿತ್ತು. ಹೊಸ ಗುಂಡಿ ತೋಡಿ ಹೊಸ ತಂತಿ ಎಳೆದರು. ಈಗ ನ್ಯೂಟ್ರಲ್-ಅರ್ಥ್ 1.6. ಪಿನ್ನಿನ ಟೇಪ್ ಕಿತ್ತು ಹಾಕಿದೆ. ತುಟಿಗೆ ಏನೂ ಇಲ್ಲ. ಆದರೆ ಸಣ್ಣ ಗುಂಯ್ ವಾಪಸ್ ಬಂದಿದೆ.

ಎಂಜಿನಿಯರ್: ಓದಿ ಮನಸ್ಸಿಗೆ ಸಮಾಧಾನ ಆಯಿತು. ಆ ಗುಂಯ್ ಸುಲಭದ್ದು. ಇಂಟರ್‌ಫೇಸ್‌ನಿಂದ ಸ್ಪೀಕರ್‌ಗೆ ಹೋಗುವ ಜ್ಯಾಕ್ ಕೈಯಲ್ಲಿ ಹಿಡಿದು ನೋಡಿ. ಎಷ್ಟು ಕಪ್ಪು ಗೆರೆ ಇದೆ?

ಶಿವಮೊಗ್ಗ ಗಾಯಕಿ: ಒಂದು.

ಎಂಜಿನಿಯರ್: ಎರಡು ಗೆರೆಯದ್ದು ತನ್ನಿ, ಟಿಆರ್‌ಎಸ್ ಅಂತ ಕೇಳಿ. ಇಂಟರ್‌ಫೇಸ್, ಸ್ಪೀಕರ್ ಎರಡರಲ್ಲೂ ಬ್ಯಾಲೆನ್ಸ್ಡ್ ಅಂತ ಬರೆದಿರಬೇಕು, ನೋಡಿಕೊಳ್ಳಿ. ಅದರಲ್ಲಿ ಎರಡು ತಂತಿಗೂ ಹಮ್ ಒಂದೇ ಸಮ ಸೇರುತ್ತೆ. ಸ್ಪೀಕರ್ ಎರಡರ ವ್ಯತ್ಯಾಸ ಮಾತ್ರ ತಗೊಳ್ಳುತ್ತೆ, ಹಮ್ ಕಳೆದು ಹೋಗುತ್ತೆ. ಹಾಕಿದ ಮೇಲೆ ಬರೆಯಿರಿ.